ತೇವ ಹಿಡಿಯುವ ತನಕ

ಮೂರನೆಯ ಹಾಳೆಯೂ ಕೊಳವೆಯ ಬಾಯಿಗೆ ಸಿಕ್ಕೊಡನೆ ಚಟ್ಟೆಂದು ಸಿಡಿದು ಮೇಜಿನ ತುಂಬ ಚೂರಾಯಿತು.

"ಹಾಗಲ್ಲ ತಾಯಿ," ಎಂದ ಚರ್ಚಿನ ಗಂಟೆ ಬಾರಿಸುವ ಗಂಟೆಯಜ್ಜ, ಬಾಗಿಲಲ್ಲೇ ನಿಂತು. "ಒಣಗಿದ್ದನ್ನ ಒತ್ತಿದ್ರೆ ಒಡೆಯೋದೇ. ತೇವ ಹಿಡೀಬೇಕು ಅದಕ್ಕೆ."

"ನಲವತ್ತು ವರ್ಷದಿಂದ ಕತ್ತರಿಸ್ತಾ ಇದೀನಿ ಅಜ್ಜ."

"ಬಟ್ಟೆ."

ತಂಗಿ ಚೂರುಗಳನ್ನು ಒಂದೆಡೆ ಗುಡಿಸಿದಳು. ಹೊಲಿಗೆಯೇ ಅವಳ ಕಸುಬು. ಕತ್ತರಿಗೆ ಬಗ್ಗದ ವಸ್ತುವನ್ನು ಅವಳು ಈವರೆಗೆ ಕಂಡಿರಲಿಲ್ಲ.

ಅಕ್ಕ ನಿನ್ನೆ ಬೆಳಿಗ್ಗೆ ಕುರ್ಚಿಯಲ್ಲಿ ಕುಳಿತಂತೆಯೇ ತೀರಿಕೊಂಡಿದ್ದಳು. ಇಪ್ಪತ್ತೆರಡು ವರ್ಷ ಈ ಒಂಟಿ ಕೋಣೆಯಲ್ಲಿ ಪೂಜೆಯ ಬಿಲ್ಲೆಗಳನ್ನು ಮಾಡುತ್ತಿದ್ದವಳು ಅವಳು. ಗೋಧಿಹಿಟ್ಟು, ನೀರು, ಬೇರೇನೂ ಇಲ್ಲ; ಜೋಡಿ ಕಾವಲಿಗಳ ನಡುವೆ ಅದನ್ನು ಕಾಗದದಷ್ಟು ತೆಳುವಾದ ಹಾಳೆಯಾಗಿ ಸುಟ್ಟು, ದುಂಡಗೆ ಕತ್ತರಿಸಿ, ಶನಿವಾರ ಸಂಜೆ ಚರ್ಚಿಗೆ ಒಪ್ಪಿಸುವಳು. ಗುರುಗಳು ಪೀಠದ ಮೇಲೆ ಎತ್ತಿಹಿಡಿದಾಗ ಕ್ರಿಸ್ತನ ಶರೀರವಾಗುವುದು ಅವೇ. ಇಂದು ಶನಿವಾರ. ನಾಲ್ಕಕ್ಕೆ ಅವಳದೇ ಅಂತ್ಯಪೂಜೆ. ಚರ್ಚಿನ ಡಬ್ಬಿಯಲ್ಲಿ ಬಿಲ್ಲೆ ಒಂದೂ ಇರಲಿಲ್ಲ. ಶವಕ್ಕೆ ಉಡಿಸುವ ಸೀರೆಯನ್ನು ಹುಡುಕಿ ಕೊಟ್ಟು ಹೊರಟುಬಿಡುವೆನೆಂದು ಬಂದಿದ್ದ ತಂಗಿಯ ಕೈಗೆ ಗಂಟೆಯಜ್ಜ ಬಿಲ್ಲೆ ಕತ್ತರಿಸುವ ಈ ಕೊಳವೆಯನ್ನು ತುರುಕಿದ್ದ.

"ನನ್ನ ಅಂತ್ಯಪೂಜೆಗೆ ಬಿಲ್ಲೆ ನೀನೇ ಮಾಡಬೇಕು ಅಂತ ಅವಳಿಂದ ಮಾತು ತಗೊಂಡಿದ್ದೆ," ಎಂದ ಅಜ್ಜ. "ಸಾಲು ಮುರಿದು ಮುಂದೆ ಹೋಗಿಬಿಟ್ಟಳು, ಕಳ್ಳಿ." ಅವನು ಕಣ್ಣೊರೆಸಿಕೊಂಡು ಚೂರುಗಳತ್ತ ಕೈ ತೋರಿದ. "ಅವನ್ನ ಎಸೀಬೇಡ. ಡಬ್ಬಿಗೆ ಹಾಕು. ಮೊದಲ ಸಲ ಅವಳದೂ ಚೂರೇ ಆಗಿತ್ತು. ನಿನಗೆ ಗೊತ್ತಿರಬೇಕಲ್ಲ, ನೀನೂ ಅವತ್ತು ಚರ್ಚಲ್ಲಿದ್ದೆ."

ಗೊತ್ತಿತ್ತು.

*

ಅದಕ್ಕೂ ಹಿಂದಿನದು ಒಂದು ಬೆಳಗು. ತಾಯಿಯ ಸ್ಥಿತಿ ಚೆನ್ನಾಗಿಲ್ಲವೆಂಬ ಸುದ್ದಿ ಕೇಳಿ, ಪರವೂರಿನ ಹೊಲಿಗೆ ಕಾರ್ಖಾನೆಯಿಂದ ಮೊದಲ ಬಸ್ಸಿಗೆ ಹೊರಟು ಬಂದ ತಂಗಿ ಇದೇ ಕೋಣೆಯ ಬಾಗಿಲು ತಳ್ಳಿದ್ದಳು. ತಾಯಿಯ ಜೀವ ಹೋಗಿ ಬಹಳ ಹೊತ್ತಾಗಿತ್ತು. ತುಟಿಗಳು ಬಿರಿದಿದ್ದವು. ಒಂದು ಕೈ ಮಂಚದಿಂದ ಕೆಳಗೆ ಜೋತಿತ್ತು. ಆ ಕೈಗೆ ಎಟುಕದಷ್ಟು ದೂರದಲ್ಲಿ ನೀರಿನ ಲೋಟ ಮಗುಚಿ ಬಿದ್ದಿತ್ತು. ಒಲೆಯ ಪಕ್ಕದ ನೆಲದಲ್ಲಿ ಅಕ್ಕ ಕುಡಿದ ಅಮಲಿನಲ್ಲಿ ಮಲಗಿದ್ದಳು.

ವಾರದ ಮೇಲೆ ಅಕ್ಕ, ತಂಗಿ ಊರಲ್ಲೇ ಹಿಡಿದ ಬಾಡಿಗೆ ಕೋಣೆಯ ಹೊಸ್ತಿಲಿಗೆ ಬಂದು ನಿಂತಳು.

"ಒಂದು ಮಾತು ಇತ್ತು ಕಣೇ."

"ಹೊಲೀತಾ ಇದೀನಿ."

ತಂಗಿ ಯಂತ್ರದ ಮೇಲಿಂದ ಕಾಲು ತೆಗೆಯಲಿಲ್ಲ. ಇಡೀ ಲಂಗದ ಅಂಚು ಮುಗಿಯುವ ತನಕ ಅಕ್ಕ ನಿಂತಿದ್ದಳು. ಮುಗಿದಾಗ ಹೊಸ್ತಿಲು ಬರಿದಾಗಿತ್ತು. ಯಂತ್ರದಲ್ಲಿ ದಾರ ಯಾವಾಗಲೋ ತೀರಿಹೋಗಿ, ಸೂಜಿ ಬರಿಯ ತೂತುಗಳನ್ನು ಹಾಕುತ್ತ ಬಂದಿತ್ತು.

ಅಂದಿನ ಹಿರಿಯ ಗುರುಗಳು ಕುಡುಕಿ ಎನಿಸಿಕೊಂಡ ಅಕ್ಕನ ಕೈಗೇ ಬಿಲ್ಲೆಯ ಕಾವಲಿಯನ್ನು ಕೊಟ್ಟಾಗ ಊರು ಮೂಗು ಮುರಿಯಿತು. ಯೋಗ್ಯತೆ ಅಳೆದು ಕೊಡುವುದಾದರೆ ಇದನ್ನು ನಾನೂ ಮುಟ್ಟುವ ಹಾಗಿಲ್ಲ ಎಂದುಬಿಟ್ಟರು ಅವರು. ಅವಸರಕ್ಕೆ ಬಿದ್ದು ಒಣಹಾಳೆಯನ್ನೇ ಕತ್ತರಿಸಿದ ಅವಳ ಮೊದಲ ಡಬ್ಬಿಯಲ್ಲಿ ದುಂಡಗಿನದೊಂದೂ ಇರಲಿಲ್ಲ. ಗುರುಗಳು ಆ ಚೂರುಗಳನ್ನೇ ಪೀಠಕ್ಕೇರಿಸಿ, ಸಾಲಾಗಿ ಬಂದವರಿಗೆಲ್ಲ ಒಂದೊಂದಾಗಿ ಕೊಟ್ಟರು. ಅಂದಿನಿಂದ ಅಕ್ಕ ಹೆಂಡವನ್ನು ಮುಟ್ಟಲಿಲ್ಲ. ಅಂದಿನಿಂದಲೇ ತಂಗಿ ಆ ಸಾಲಿಗೆ ಹೋಗಲಿಲ್ಲ.

"ಅದು ಅವಳು ಕೊಡೋದಲ್ಲ ಮಗಳೇ," ಎಂದು ಗುರುಗಳು ಒಮ್ಮೆ ಕರೆದು ಹೇಳಿದ್ದರು.

"ಕಲಸೋದು ಅವಳೇ ಅಲ್ವಾ ಸ್ವಾಮಿ?"

ಇಪ್ಪತ್ತೆರಡು ವರ್ಷ, ಎಲ್ಲರೂ ಎದ್ದು ಪೀಠದತ್ತ ನಡೆಯುವ ಹೊತ್ತಿನಲ್ಲಿ, ಖಾಲಿಯಾದ ಬೆಂಚುಗಳ ನಡುವೆ ಅವಳೊಬ್ಬಳೇ ಕುಳಿತಿರುತ್ತಿದ್ದಳು. ಅವಳು ಯಾವುದೋ ಹೇಳಬಾರದ ಪಾಪವನ್ನು ಬಚ್ಚಿಟ್ಟುಕೊಂಡಿದ್ದಾಳೆಂದು ಜನ ಪಿಸುಗುಟ್ಟಿದರು.

*

ಎದುರುಮನೆಯ ನರ್ಸಮ್ಮ ತನ್ನ ಮನೆಯಲ್ಲಿ ಶವಕ್ಕೆ ಸ್ನಾನ ಮಾಡಿಸಿ ಬಂದವಳು ಮೂಲೆಯ ತಗಡಿನ ಪೆಟ್ಟಿಗೆಯನ್ನು ತೆರೆದಳು. ಒಳಗೆ ಅಕ್ಕ ಕೊನೆಯದಾಗಿ ಸುಟ್ಟ ಹಾಳೆಗಳಲ್ಲಿ ಉಳಿದವಿದ್ದವು. ಮುಚ್ಚಳದ ಒಳಮೈಗೆ ಕಟ್ಟಿದ ಬಟ್ಟೆ ಒಣಗಿ ಸೆಟೆದಿತ್ತು.

"ನಿಮ್ಮಕ್ಕ ಈ ಬಟ್ಟೆ ಒದ್ದೆ ಮಾಡಿ ಮುಚ್ಚಿಡೋರು. ಹಾಳೆಗೆ ನೀರು ತಾಗಬಾರದು, ತಂಪು ಮಾತ್ರ ತಾಗಬೇಕು. ಮೂರು ಗಂಟೆ ಬಿಟ್ಟರೆ ಎಲೆ ಹಾಗೆ ಮೆತ್ತಗಾಗುತ್ತೆ. ನಡುವೆ ಮಾತ್ರ ತೆಗೆದು ನೋಡೋ ಹಾಗಿಲ್ಲ."

ತಂಗಿ ನೀರಿಗಾಗಿ ಅತ್ತಿತ್ತ ನೋಡಿದಳು. ಗೋಡೆಗೆ ಒತ್ತಿ ತಾಯಿಯ ಹಳೆಯ ಮಂಚ ಹಾಗೆಯೇ ಇತ್ತು. ಅದರ ಪಕ್ಕದ ಸ್ಟೂಲಿನ ಮೇಲೆ ಮುಚ್ಚಿಟ್ಟ ಒಂದು ಲೋಟ. ಅದಕ್ಕೆ ಕೈ ಹಾಕಿದಳು.

"ಅದು ಬೇಡ," ಎಂದಳು ನರ್ಸಮ್ಮ ತಟ್ಟನೆ. ಆಮೇಲೆ ದನಿ ತಗ್ಗಿಸಿದಳು. "ಅದು ನಿಮ್ಮ ಅಮ್ಮನ ನೀರು. ಅಕ್ಕ ದಿನಾ ಎದ್ದ ಕೂಡಲೇ ಹಳೇದು ಚೆಲ್ಲಿ ಹೊಸದು ತುಂಬಿಸಿಡೋರು. ಸತ್ತವರಿಗೆ ಯಾಕ್ರೀ ನೀರು ಅಂತ ನಾನೇ ನಕ್ಕಿದ್ದೆ ಒಂದು ಸಲ. ನಗಲಿಲ್ಲ ಅವರು. 'ಅಮ್ಮ ಅವತ್ತು ಕೇಳಿದ್ದಳು, ನಾನು ಕೊಡಲಿಲ್ಲ' ಅಂದ್ರು. ನಿನ್ನೆ ನಾನು ಬಂದು ನೋಡಿದಾಗ ಲೋಟ ತುಂಬಿತ್ತು. ಇಟ್ಟು ಬಂದು ಕೂತಿದ್ದಾರೆ, ಅಷ್ಟೆ."

ತಂಗಿ ಲೋಟವನ್ನು ಹಿಡಿದು ನಿಂತೇ ಇದ್ದಳು. ನರ್ಸಮ್ಮ ಮೆಲ್ಲಗೆ ಹೊರಗೆ ಹೋದಳು.

ಮುಚ್ಚಳ ತೆಗೆದರೆ ನೀರು ನಿರ್ಮಲವಾಗಿ ಕಂಠದವರೆಗೂ ಇತ್ತು. ತಂಗಿ ಅದನ್ನು ಒಂದು ಹನಿಯೂ ಚೆಲ್ಲದಂತೆ ಬಿಚ್ಚಿದ ಬಟ್ಟೆಯ ಮೇಲೆ ಹೊಯ್ದಳು, ಹಿಂಡಿ ಮತ್ತೆ ಮುಚ್ಚಳಕ್ಕೆ ಕಟ್ಟಿದಳು, ಪೆಟ್ಟಿಗೆ ಮುಚ್ಚಿದಳು. ಮಾಡಲು ಬೇರೆ ಕೆಲಸವಿರಲಿಲ್ಲ. ಅಕ್ಕನ ಕುರ್ಚಿಯಲ್ಲಿ ಕುಳಿತಳು. ಆ ಕುರ್ಚಿಯಿಂದ ಕಾಣುತ್ತಿದ್ದುದು ಬರಿಯ ಮಂಚ ಮತ್ತು ಸ್ಟೂಲು. ಇಷ್ಟು ವರ್ಷ ಇದೊಂದನ್ನೇ ನೋಡುತ್ತ ಕುಳಿತಿದ್ದಳೇ ಅಕ್ಕ? ಮೂರು ಗಂಟೆಗಳ ಕಾಲ ಯಾರೂ ಬಾಗಿಲು ತಟ್ಟಲಿಲ್ಲ.

ಪೆಟ್ಟಿಗೆ ತೆರೆದಾಗ ಹಾಳೆ ಅವಳ ಬೆರಳಿಗೆ ಬಾಗಿತು. ಕೊಳವೆ ಸದ್ದಿಲ್ಲದೆ ಇಳಿಯಿತು.

*

ಪೂಜೆಗೆ ಬಂದವರು ಹನ್ನೊಂದು ಮಂದಿ. ಅದಕ್ಕೆ ಮುನ್ನ ತಂಗಿ ಈಗಿನ ಗುರುಗಳ ಮುಂದೆ ಪಾಪನಿವೇದನೆಗೆ ಮಂಡಿಯೂರಿದಳು. ಅವರು ಅವಳ ಮಗನ ವಯಸ್ಸಿನವರು.

"ಅಕ್ಕ ಬಂದಿದ್ದಳು," ಎಂದಳು. "ನಾನು ಹೊಲೀತಾನೇ ಇದ್ದೆ."

ಗುರುಗಳು ಇನ್ನೇನನ್ನೂ ಕೇಳದೆ ಅವಳ ತಲೆಯ ಮೇಲೆ ಕೈಯಿಟ್ಟರು.

ಸಾಲು ಎದ್ದಿತು. ಅವಳೂ ಎದ್ದಳು. ನರ್ಸಮ್ಮ ಹಿಂದಿರುಗಿ ನೋಡಿ ತನ್ನ ಮುಂದೆ ಜಾಗ ಬಿಟ್ಟಳು. ತಂಗಿ ತಲೆಯಾಡಿಸಿ ಎಲ್ಲರ ಹಿಂದೆ ನಿಂತಳು. ಶವಪೆಟ್ಟಿಗೆಯ ಪಕ್ಕದಲ್ಲೇ ಸಾಗಬೇಕಿತ್ತು. ಮುಂದಿನವರ ಪಾಲಿಗೆಲ್ಲ ದುಂಡುಬಿಲ್ಲೆ ಬಂತು. ಇವಳ ಸರದಿಗೆ ಗುರುಗಳ ಬೆರಳಿಗೆ ಸಿಕ್ಕಿದ್ದು ಮುರಿದದ್ದು, ಒಂದು ಅಂಚು ಮಾತ್ರ ಬಾಗಿದ್ದು, ಬೆಳಿಗ್ಗೆ ಇವಳೇ ಒಡೆದದ್ದು.

"ಕ್ರಿಸ್ತನ ಶರೀರ."

ಅವಳು ಒಮ್ಮೆ ಶವಪೆಟ್ಟಿಗೆಯತ್ತ ತಿರುಗಿ ನೋಡಿದಳು. ಗುರುಗಳು ಕಾದರು.

"ಆಮೆನ್."

*

ಮಣ್ಣು ಮುಚ್ಚಿ ಎಲ್ಲರೂ ಚದುರಿದ ಮೇಲೆ ಅವಳು ಕೋಣೆಗೆ ಬೀಗ ಹಾಕಲು ಹಿಂದಿರುಗಿದಳು.

"ಪೆಟ್ಟಿಗೆ, ಕಾವಲಿ ಎಲ್ಲ ನಾಳೆ ಸಾಗಿಸೋಣ ಬಿಡು. ಯಾರಾದರೂ ಸಿಗ್ತಾರೆ ಈ ಕೆಲಸಕ್ಕೆ," ಎಂದ ಗಂಟೆಯಜ್ಜ ದಾರಿಯಿಂದಲೇ.

"ಇಲ್ಲೇ ಇರಲಿ ಅಜ್ಜ," ಎಂದಳು.

ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದವಳು ನಿಂತಳು. ಮರಳಿ ಬಂದು ಬೀಗ ತೆಗೆದಳು. ಲೋಟವನ್ನು ತೊಳೆದು ನಲ್ಲಿಯ ಕೆಳಗೆ ಹಿಡಿದಳು. ತುಂಬುವ ಸದ್ದು ಆ ಬರಿಯ ಕೋಣೆಯಲ್ಲಿ ದೊಡ್ಡದಾಗಿ ಕೇಳಿಸಿತು. ಮುಚ್ಚಳ ಮುಚ್ಚಿ, ಸ್ಟೂಲನ್ನು ಮಂಚಕ್ಕೆ ತಾಗುವಂತೆ ಸರಿಸಿ, ಅದರ ಮೇಲಿಟ್ಟಳು. ಮಲಗಿದಲ್ಲಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ.