ಮಾತಾಡುವ ಪೆಟ್ಟಿಗೆಯನ್ನು ಅಮ್ಮ ಯಾಕೆ ಒತ್ತಲಿಲ್ಲ?

ಫ್ಯೂಸಣ್ಣನ ತಾಯಿ ಮತ್ತೆ ಬಿದ್ದರು. ಈ ಸಲ ಬಚ್ಚಲಿನ ಬಾಗಿಲ ಹತ್ತಿರ. ಮೊಣಕೈ ತರಚಿತು, ಹಣೆ ಊದಿತು, ಪುಣ್ಯಕ್ಕೆ ಮೂಳೆಗೆ ಏನೂ ಆಗಲಿಲ್ಲ. ಆದರೆ ಎರಡು ತಿಂಗಳಲ್ಲಿ ಇದು ಮೂರನೆಯ ಸಲ. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಸೋತವರು. ಕರೆದರೆ ಓಡಿ ಬರುವ ಸೊಸೆ ಇದ್ದಾಳೆ. ಆದರೂ ಒಬ್ಬರೇ ಎದ್ದು ಹೊರಡುವುದೇಕೆ? ಹಿರಿಯರಿರುವ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಇದೆ. ಬೈದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಾರೆ, ಮಾರನೆಯ ದಿನ ಮತ್ತೆ ಗೋಡೆ ಹಿಡಿದು ಹೊರಡುತ್ತಾರೆ.

ಫ್ಯೂಸಣ್ಣನದು ರೇಡಿಯೋ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಅಂಗಡಿ. ಕೋಪ ಮೂಗಿನ ತುದಿಯಲ್ಲೇ ಇರುವವನು, ಸ್ವಲ್ಪ ಲೋಡ್ ಜಾಸ್ತಿಯಾದರೂ ಹಾರಿಬಿಡುತ್ತಾನೆ ಅಂತ ಬೀದಿಯವರು ಇಟ್ಟ ಹೆಸರು ಅದು. ಕೆಲಸದ ವಿಷಯಕ್ಕೆ ಬಂದರೆ ಮಾತ್ರ ಅವನನ್ನು ಮೀರಿಸುವವರಿಲ್ಲ. ಮುಂದೆ ಅಂಗಡಿ, ನಡುವೆ ಅಡುಗೆಮನೆ, ಹಿಂದೆ ತಾಯಿಯ ಕೋಣೆ. ಕೌಂಟರಿನಲ್ಲಿ ಹೆಂಡತಿ ಕೂರುತ್ತಾಳೆ, ಇವನು ಅವಳ ಪಕ್ಕದ ಮೇಜಿನ ಮೇಲೆ ತಲೆ ಬಗ್ಗಿಸಿದನೆಂದರೆ ಊಟಕ್ಕೇ ಎತ್ತುವುದು.

ತಾಯಿ ಮೊದಲ ಸಲ ಬಿದ್ದಾಗಲೇ ಅವನು ಮೂರು ವಾರ ಕೂತು ಒಂದು ಪೆಟ್ಟಿಗೆ ಮಾಡಿದ್ದ. ಅದರಲ್ಲಿ ಎಂಟು ಬಟನ್. ನೀರು, ಊಟ, ಮಾತ್ರೆ, ಫ್ಯಾನು, ರೇಡಿಯೋ, ಚಳಿ, ನೋವು, ಬಚ್ಚಲು. ಯಾವುದನ್ನು ಒತ್ತಿದರೂ ಅಂಗಡಿಯ ಸ್ಪೀಕರಿನಲ್ಲಿ ಅವನದೇ ಧ್ವನಿ ಬರುತ್ತಿತ್ತು. "ಅಮ್ಮನಿಗೆ ನೀರು ಬೇಕು," "ಅಮ್ಮ ಬಚ್ಚಲಿಗೆ ಹೋಗಬೇಕು," ಹೀಗೆ. ಬೀದಿಯವರೆಲ್ಲ ಬಂದು ನೋಡಿ ಹೊಗಳಿದರು. "ಚೆನ್ನಾಗಿದೆಯಾ ಅಮ್ಮ?" ಅಂತ ಅವನು ತಾಯಿಯನ್ನೂ ಕೇಳಿದ್ದ. "ಚೆನ್ನಾಗಿದೆ ಮಗಾ," ಅಂದಿದ್ದರು. ಅವನು ಅಂದು ಇಡೀ ದಿನ ಸಿಳ್ಳೆ ಹಾಕುತ್ತ ಕೆಲಸ ಮಾಡಿದ.

ಪೆಟ್ಟಿಗೆ ಬಂದ ಮೇಲೂ ಅಮ್ಮ ಎರಡು ಸಲ ಬಿದ್ದರು.

ಮೂರನೆಯ ಸಲದ ಸುದ್ದಿ ಕೇಳಿ ತಂಗಿ ಫೋನಿನಲ್ಲೇ ಹಟ ಹಿಡಿದಳು. "ಇನ್ನು ಸಾಕಣ್ಣ. ಸೊಂಟ ಮುರಿದರೆ ಅಮ್ಮ ಮತ್ತೆ ಏಳಲ್ಲ ಅಂತ ಡಾಕ್ಟರ್ ಹೇಳಿಲ್ವಾ? ಮಂಚಕ್ಕೆ ಎರಡೂ ಕಡೆ ಕಟಕಟೆ ಹಾಕಿಸು. ಡಯಾಪರ್ ಹಾಕಿ. ಎಲ್ಲೂ ಇಳಿಯೋದು ಬೇಡ." ಫ್ಯೂಸಣ್ಣ ಒಪ್ಪಿದ. ಸೋಮವಾರ ಬಂದು ಅಳತೆ ತೆಗೆದುಕೋ ಅಂತ ಬಡಗಿಗೆ ಹೇಳಿಬಿಟ್ಟ. ಒಳಕೋಣೆಯಲ್ಲಿ ತಾಯಿ ಅದನ್ನೆಲ್ಲ ಕೇಳಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ನಲವತ್ತು ವರ್ಷ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಮನೆ ನಡೆಸಿದ ಹೆಂಗಸು. ಸೊಸೆಯ ತೋಳು ಹಿಡಿದಾದರೂ ತಾನೇ ಬಚ್ಚಲಿಗೆ ನಡೆದು ಹೋಗುವುದೊಂದೇ ಅವರಿಗೆ ಉಳಿದ ಮರ್ಯಾದೆಯಾಗಿತ್ತು.

ಗುರುವಾರ ಬಿ.ಪಿ. ನೋಡಲು ಮನೆಭೇಟಿಯ ನರ್ಸ್ ಬಂದರು. ಅವರು ಅಮ್ಮನನ್ನು ನೋಡಿ ಅಂಗಡಿಗೆ ಬಂದಾಗ ಫ್ಯೂಸಣ್ಣ ಮನಸ್ಸಿನಲ್ಲಿದ್ದುದನ್ನೆಲ್ಲ ಹೊರಹಾಕಿದ.

"ಇಷ್ಟೆಲ್ಲ ಮಾಡಿಕೊಟ್ಟೆ ಸಿಸ್ಟರ್. ಒಂದು ಬಟನ್ ಒತ್ತೋಕೆ ಏನು ಕಷ್ಟ? ಹಟ, ಅಷ್ಟೇ."

"ಆ ಪೆಟ್ಟಿಗೇಲಿ ಏನೇನು ಇರಬೇಕು ಅಂತ ಯಾರು ಹೇಳಿದ್ದು?" ನರ್ಸ್ ಬಿ.ಪಿ. ಪಟ್ಟಿ ಸುತ್ತಿಡುತ್ತ ಕೇಳಿದರು.

"ಯಾರು ಹೇಳಬೇಕು? ನನ್ನ ತಾಯಿ. ಅವಳಿಗೆ ಏನು ಬೇಕು ಅಂತ ನನಗೆ ಗೊತ್ತಿಲ್ವಾ?"

"ಹೇಳಿ ನೋಡೋಣ. ನಿನ್ನೆ ಬೀಳೋಕೆ ಮುಂಚೆ ಐದು ನಿಮಿಷ ಅವರು ಏನು ಮಾಡ್ತಿದ್ರು?"

ಫ್ಯೂಸಣ್ಣ ಹೆಂಡತಿಯ ಮುಖ ನೋಡಿದ. ಅವಳು ಇವನ ಮುಖ ನೋಡಿದಳು. ಇಬ್ಬರಿಗೂ ಗೊತ್ತಿರಲಿಲ್ಲ.

"ಪೆಟ್ಟಿಗೆ ಚೆನ್ನಾಗಿದೆ ಅಂತ ಅಮ್ಮನೇ ಹೇಳಿದ್ದಾಳೆ," ಅಂದ, ಸ್ವಲ್ಪ ಬಿಗಿಯಾಗಿ.

"ಮಗ ಮೂರು ವಾರ ಕಣ್ಣು ಸೋಲಿಸಿಕೊಂಡು ಮಾಡಿದ್ದು. ಚೆನ್ನಾಗಿಲ್ಲ ಅಂತ ಯಾವ ತಾಯಿ ಹೇಳ್ತಾಳೆ ಅಣ್ಣ? ಅವರು ಹೊಗಳಿದ್ದು ನಿಮ್ಮನ್ನ, ಪೆಟ್ಟಿಗೇನಲ್ಲ."

ಫ್ಯೂಸಣ್ಣನಿಗೆ ಮೈ ಉರಿಯಿತು. ಈ ನರ್ಸ್‌ಗೆ ಒಂದು ಫ್ಯೂಸ್ ಹಾಕಲು ಬರುತ್ತದೆಯೇ ಅಂದುಕೊಂಡ. ಆದರೆ ಸೋಮವಾರ ಬಡಗಿ ಬರುತ್ತಾನೆ. ಕೋಪ ಮಾಡಿಕೊಳ್ಳಲು ಇದು ಹೊತ್ತಲ್ಲ.

"ಸರಿ, ಏನು ಮಾಡಬೇಕು ಹೇಳಿ," ಅಂದ.

"ನಾಳೆ ಅಂಗಡಿ ಎಂದಿನ ಹಾಗೇ ನಡೀಲಿ. ನೀವು ಮಾತ್ರ ಆ ಕೋಣೇಲಿ ಒಂದು ಮೂಲೇಲಿ ಕೂತ್ಕೊಳ್ಳಿ. ಅವರು ಬೀಳೋ ಹಾಗಾದರೆ ಹಿಡೀರಿ. ಅದು ಬಿಟ್ಟು ಬೇರೆ ಸಹಾಯ ಮಾಡಬೇಡಿ, ಹೇಳಿಕೊಡಬೇಡಿ, ಬರೀ ನೋಡಿ. ಕಂಡದ್ದನ್ನ ಬರೆದಿಡಿ. ಯಾಕೆ ಒತ್ತಲಿಲ್ಲ ಅಂತ ಮಾತ್ರ ಕೇಳಬೇಡಿ, ಬೈದ ಹಾಗಾಗುತ್ತೆ. ಈಗ ಏನಾಯ್ತು ಅಂತ ಕೇಳಿ. ಆಮೇಲೆ ಸುಮ್ಮನಿರಿ. ಅವರ ನಾಲಿಗೆ ನಿಧಾನ, ಮಾತು ಬರೋಕೆ ಹೊತ್ತು ಬೇಕು."

"ಅಷ್ಟೇನಾ?"

"ಸುಮ್ಮನಿರೋದು ನಿಮಗೆ ಅಷ್ಟು ಸುಲಭ ಅಂತ ನನಗನ್ನಿಸ್ತಿಲ್ಲ," ಅಂದರು ನರ್ಸ್. ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಹೊರಡುವಾಗ ನರ್ಸ್ ಇನ್ನೊಂದು ಮಾತು ಹೇಳಿದರು. "ಏನು ಬೇಕು ಅಂತ ಗೊತ್ತಾದ ಮೇಲೂ ತಕ್ಷಣ ಬೆಸುಗೆ ಹಾಕೋಕೆ ಕೂರಬೇಡಿ. ಮೊದಲು ರಟ್ಟಿನಲ್ಲಿ ಮಾಡಿ ತೋರಿಸಿ. ರಟ್ಟಿನ ತುಂಡನ್ನ ಬೇಡ ಅನ್ನೋಕೆ ಯಾರಿಗೂ ಸಂಕೋಚ ಇರಲ್ಲ."

ಶುಕ್ರವಾರ ಬೆಳಿಗ್ಗೆ ಫ್ಯೂಸಣ್ಣ ಸ್ಟೂಲು, ನೋಟ್‌ಬುಕ್ಕು, ಪೆನ್ಸಿಲು ಹಿಡಿದು ಕೋಣೆಗೆ ಹೋದ. ತಾಯಿಗೆ ವಿಷಯ ಹೇಳಿದ. "ನೋಡು, ನೋಡು," ಅಂದರು ಅವರು, ಬೇಸರವಿಲ್ಲದೆ. ಮಗ ಹಗಲಲ್ಲಿ ಆ ಕೋಣೆಯಲ್ಲಿ ಕೂತು ಎಷ್ಟೋ ದಿನವಾಗಿತ್ತು.

ಮೊದಲ ಅರ್ಧ ಗಂಟೆಯಲ್ಲೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಪೆಟ್ಟಿಗೆ ಇದ್ದದ್ದು ಬಲಗಡೆಯ ಗೋಡೆಗೆ. ಅಮ್ಮನ ಸೋತ ಕೈಯೂ ಬಲಗಡೆಯದೇ. ಪ್ಲಗ್ ಪಾಯಿಂಟ್ ಅಲ್ಲಿತ್ತೆಂದು ಅವನು ಅಲ್ಲಿ ಹಾಕಿದ್ದ. ವೈರಿನ ಅನುಕೂಲ ನೋಡಿದ್ದನೇ ಹೊರತು ತಾಯಿಯ ಕೈ ನೋಡಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಅದನ್ನು ಬರೆಯುವಾಗ ಅವನಿಗೆ ನಾಚಿಕೆಯಾಯಿತು.

ಹನ್ನೊಂದರ ಹೊತ್ತಿಗೆ ತಾಯಿ ಎಡಗೈಯಿಂದ ಮಂಚದ ತಲೆಗಂಬ ಹಿಡಿದು ಎದ್ದು ಕೂತರು. ಮೈ ತಿರುಗಿಸಿ ಕಷ್ಟಪಟ್ಟು ಪೆಟ್ಟಿಗೆಯ ಕಡೆ ಕೈ ಚಾಚಿದರು. ಒತ್ತು, ಒತ್ತು ಅಂತ ಫ್ಯೂಸಣ್ಣನ ನಾಲಿಗೆ ತುದಿಗೆ ಬಂತು. ಕಚ್ಚಿ ಹಿಡಿದ. ಅಂಗಡಿಯಲ್ಲಿ ಯಾರೋ ಗಟ್ಟಿಯಾಗಿ ನಕ್ಕರು. ತಾಯಿ ಒಂದು ಕ್ಷಣ ಕಿವಿಗೊಟ್ಟರು. ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಮತ್ತೆ ತಲೆಗಂಬ ಹಿಡಿದು ಕಾಲು ಕೆಳಗಿಟ್ಟರು.

ಫ್ಯೂಸಣ್ಣ ಎದ್ದು ಪಕ್ಕಕ್ಕೆ ಬಂದು ನಿಂತ. "ಈಗ ಏನಾಯ್ತಮ್ಮ?"

ತಾಯಿ ಸುಮ್ಮನಿದ್ದರು. ಇವನೂ ಸುಮ್ಮನಿದ್ದ. ಹಾಗೆ ಕಾಯುವುದು ಅವನಿಗೆ ಹೊಸದು.

"ಅಂಗಡೀಲಿ... ಜನ ಇದ್ದಾರೆ," ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಅದು ಕೂಗುತ್ತೆ. ಅಮ್ಮ ಬಚ್ಚಲಿಗೆ ಹೋಗಬೇಕು ಅಂತ. ಎಲ್ಲರಿಗೂ ಕೇಳೋ ಹಾಗೆ. ನಾನು ಅವರಿಗೆಲ್ಲ ಬಟ್ಟೆ ಹೊಲಿದು ಕೊಟ್ಟೋಳು."

ತಾಯಿಯ ಅವಮಾನವನ್ನು ಫ್ಯೂಸಣ್ಣ ತನ್ನದೇ ಬಾಯಿಂದ ಬೀದಿಗೆ ಸಾರಿದ್ದ. ಅವನಿಗೆ ಅಳು ಬಂತು, ತಡೆದುಕೊಳ್ಳಲಿಲ್ಲ. "ಹೇಳಬಾರದಿತ್ತಾ ಅಮ್ಮ?" ಅಂದ.

"ಅಷ್ಟು ಆಸೆಯಿಂದ ಮಾಡಿದ್ದೆ ನೀನು," ಅಂದರು ಅವರು.

ಹೆಂಡತಿಯನ್ನು ಕರೆದು ತಾಯಿಯನ್ನು ಬಚ್ಚಲಿಗೆ ಕಳಿಸಿ, ಅವರು ವಾಪಸ್ಸು ಬಂದ ಮೇಲೆ ಇನ್ನೂ ಕೇಳಿದ. ಎಂಟು ಬಟನ್ನಿನಲ್ಲಿ ಯಾವುದು ಯಾವಾಗ ಬೇಕಾಯಿತು? ನೀರು ಪಕ್ಕದಲ್ಲೇ ಇರುತ್ತದೆ. ಮಾತ್ರೆ ಸೊಸೆ ಮರೆಯುವುದಿಲ್ಲ. ರೇಡಿಯೋ ಅಂತೂ ಬೇಡವೇ ಬೇಡ, ಅಂಗಡಿಯದೇ ದಿನವಿಡೀ ಕಿವಿ ತಿನ್ನುತ್ತದೆ. ಬೇಕಿದ್ದದ್ದು ಒಂದೇ. ಯಾರಾದರೂ ಬರಬೇಕು.

"ಶುರುವಿನಲ್ಲಿ ಎರಡು ಸಲ ಒತ್ತಿದೆ," ಅಂದರು ತಾಯಿ. "ಕೇಳ್ತೋ ಇಲ್ವೋ ಗೊತ್ತಾಗಲ್ಲ. ಕಾಯ್ತೀನಿ. ಇನ್ನು ತಡೆಯೋಕಾಗಲ್ಲ ಅಂತ ಎದ್ದುಬಿಡ್ತೀನಿ."

ಅವನು ಕೌಂಟರಿಗೆ ಹೋಗಿ ಹೆಂಡತಿಯನ್ನು ಕೇಳಿದ. "ಅತ್ತೆ ಒತ್ತಿದ್ರಾ? ನನಗೆ ಗೊತ್ತೇ ಆಗಿಲ್ಲ ರೀ," ಅಂದಳು ಅವಳು. "ನಮ್ಮ ಅಂಗಡೀಲಿ ಮಾತಾಡದೇ ಇರೋ ಸಾಮಾನು ಯಾವುದಿದೆ ಹೇಳಿ. ಒಂದು ರೇಡಿಯೋ ವಾರ್ತೆ ಓದುತ್ತೆ, ಇನ್ನೊಂದು ಹಾಡುತ್ತೆ, ಮಧ್ಯೆ ನಿಮ್ಮ ದನಿ ಬೇರೆ. ನೀವೇ ಗಿರಾಕಿ ಜೊತೆ ಮಾತಾಡ್ತಿದ್ದೀರಿ ಅಂದ್ಕೊಂಡಿರ್ತೀನಿ. ಪೆಟ್ಟಿಗೆ ಕೂಗೋದು ನನಗೆ ತಾನೇ? ನನ್ನನ್ನ ಯಾವತ್ತು ಕೇಳಿದ್ರಿ?"

ಅದೂ ನಿಜವೇ. ಪೆಟ್ಟಿಗೆಯನ್ನು ಒತ್ತುವವರು ಒಬ್ಬರು, ಅದರ ಕರೆಗೆ ಓಡುವವರು ಇನ್ನೊಬ್ಬರು. ಇಬ್ಬರನ್ನೂ ಅವನು ಕೇಳಿರಲಿಲ್ಲ.

ಶನಿವಾರ ಅವನು ಬೆಸುಗೆ ಕಡ್ಡಿ ಮುಟ್ಟಲಿಲ್ಲ. ಕೈ ತುರಿಸುತ್ತಿತ್ತು, ಆದರೂ ಮುಟ್ಟಲಿಲ್ಲ. ಹಳೇ ಫ್ಯಾನಿನ ರಟ್ಟಿನ ಡಬ್ಬ ಕತ್ತರಿಸಿ, ರೂಪಾಯಿಯಗಲದ ಬಟನ್ ಮಾಡಿ, ತಾಯಿ ಏಳುವಾಗ ಎಡಗೈ ಮೊದಲು ಹೋಗುವ ಆ ತಲೆಗಂಬಕ್ಕೇ ಟೇಪಿನಿಂದ ಅಂಟಿಸಿದ.

ತಾಯಿ ಒತ್ತಿ ನೋಡಿದರು. "ಸಣ್ಣದಾಯ್ತು. ಬೆರಳಲ್ಲ, ಅಂಗೈ ಬೀಳಬೇಕು."

ಡಬ್ಬಿಯ ಮುಚ್ಚಳದಷ್ಟು ದೊಡ್ಡದು ಕತ್ತರಿಸಿದ. ಅದು ಸರಿ ಬಂತು. ಕರೆ ಕೇಳಿತು ಅಂತ ತಾಯಿಗೆ ತಿಳಿಸಲು ಒಂದು ದೀಪ ಬೇಕಲ್ಲ, ಅದಕ್ಕೆ ಬಾಗಿಲ ಮೇಲ್ಗಡೆ ಟಾರ್ಚ್ ಹಿಡಿದು ತೋರಿಸಿದ. ತಾಯಿ ಅತ್ತ ನೋಡಲೇ ಇಲ್ಲ. ಮಂಚದ ಅಂಚಿನಲ್ಲಿ ಕೂತಾಗ ಅವರ ಕಣ್ಣು ಪಾದದ ಮೇಲಿರುತ್ತದೆ. ಟಾರ್ಚನ್ನು ಕೆಳಗೆ, ಕೆಳಗೆ ತಂದ. ಎದುರು ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಬಂದಾಗ, "ಹಾಂ, ಅಲ್ಲಿ," ಅಂದರು. ಅತ್ತ ಕೌಂಟರಿನಲ್ಲಿ ಹೆಂಡತಿ ತನಗೆ ಏನು ಬೇಕೆಂದು ಖಡಾಖಂಡಿತವಾಗಿ ಹೇಳಿದಳು. ಸದ್ದು ಬೇಡ. ಕೌಂಟರಿನ ಒಳಬದಿಯಲ್ಲಿ ಗಿರಾಕಿಗೆ ಕಾಣದ ಹಾಗೆ ಒಂದು ದೀಪ, ಜೊತೆಗೆ ತನ್ನ ಕುರ್ಚಿಯ ಕೈ ನಡುಗುವ ಹಾಗೆ ಒಂದು ಸಣ್ಣ ಮೋಟರು. "ಮಾತಿನ ಮಧ್ಯೆ ಇದ್ರೂ ಗೊತ್ತಾಗಬೇಕು," ಅಂದಳು.

"ಮೂರು ವಾರದ ಕೆಲಸಾನ ರಟ್ಟಿನಲ್ಲಿ ಒಂದು ದಿನಕ್ಕೆ ಮುಗಿಸಿದೆ ನೋಡಮ್ಮ," ಅಂದ ಫ್ಯೂಸಣ್ಣ.

"ನಾನು ಮೊದಲು ಅಳತೆ ತಗೊಳ್ತಿದ್ದೆ," ಅಂದರು ತಾಯಿ. "ಕತ್ತರಿ ಆಮೇಲೆ."

ಭಾನುವಾರ ಇಡೀ ದಿನ ಕೂತು ನಿಜವಾದದ್ದನ್ನು ಮಾಡಿ ಮುಗಿಸಿದ. ತಾಯಿಯ ಕೈಗೆ ಎಂಟು ಬಟನ್ ಇದ್ದಲ್ಲಿ ಒಂದೇ ಒಂದು, ಕರೆ ಕೇಳಿತು ಅಂತ ತಾಯಿಯ ದೀಪ ಹೊತ್ತಿಸಲು ಕೌಂಟರಿನ ಕೆಳಗೆ ಇನ್ನೊಂದು, ಮಾತಿಲ್ಲ, ಎರಡು ದೀಪ, ಒಂದು ಮೋಟರು. ನೋಡಲು ಏನೂ ಇಲ್ಲ. ಬೀದಿಯವರು ಬಂದು ಹೊಗಳುವಂಥದ್ದಂತೂ ಅಲ್ಲವೇ ಅಲ್ಲ.

ಸೋಮವಾರ ಬೆಳಿಗ್ಗೆ ಬಡಗಿ ಬಂದ. ಅಂಗಡಿಯಲ್ಲಿ ಆಗ ನಾಲ್ಕು ಜನ ಗಿರಾಕಿಗಳು. ಒಬ್ಬರ ಇಸ್ತ್ರಿಪೆಟ್ಟಿಗೆಗೆ ಚೀಟಿ ಬರೆಯುತ್ತಿದ್ದ ಹೆಂಡತಿ ತಟ್ಟನೆ ನಿಲ್ಲಿಸಿ, ಕೌಂಟರಿನ ಕೆಳಗೆ ಕೈ ಹಾಕಿ ತನ್ನ ಬಟನ್ ಒತ್ತಿದಳು. "ಒಂದು ನಿಮಿಷ, ಬಂದೆ," ಅಂತ ಗಿರಾಕಿಗೆ ಹೇಳಿ ಒಳಗೆ ನಡೆದಳು. ಏನಾಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ಫ್ಯೂಸಣ್ಣ ಮಾತ್ರ ಹೆಂಡತಿಗಿಂತ ಮುಂಚೆ ಓಡಿ ಬಾಗಿಲ ಸಂದಿಯಿಂದ ಇಣುಕಿದ. ತಾಯಿ ಮಂಚದ ಅಂಚಿನಲ್ಲಿ ಕೂತಿದ್ದರು. ಎದುರು ಗೋಡೆಯ ಪುಟ್ಟ ದೀಪ ನೋಡುತ್ತಿದ್ದರು. ಎದ್ದಿರಲಿಲ್ಲ. ಕಾಯುತ್ತಿದ್ದರು.

ಸೊಸೆಯ ತೋಳು ಹಿಡಿದು ಹೋಗಿ ಬಂದು ಕೂತ ಮೇಲೆ ಅವರು ಮಗನನ್ನು ಹತ್ತಿರ ಕರೆದರು.

"ಆ ದೀಪ ಕೆಂಪಗಿದೆ. ಆಸ್ಪತ್ರೆ ನೆನಪಾಗುತ್ತೆ. ನನಗೆ ಇಷ್ಟ ಇಲ್ಲ. ಬದಲಾಯಿಸು."

ಇಷ್ಟ ಇಲ್ಲ ಅಂತ ತಾಯಿ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಫ್ಯೂಸಣ್ಣನಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿರಲಿಲ್ಲ. "ಸಂಜೆಯೊಳಗೆ ಬದಲಾಯಿಸ್ತೀನಮ್ಮ. ಯಾವ ಬಣ್ಣ ಬೇಕು?" ಅಂತ ಕೇಳಿದ.

ಹೊರಗೆ ಬಡಗಿ ಟೇಪು ಎಳೆಯುತ್ತ ನಿಂತಿದ್ದ. "ಮಂಚದ ಅಳತೆ ತಗೊಳ್ಳಲಾ ಫ್ಯೂಸಣ್ಣ?"

"ಕಟಕಟೆ ಬೇಡ. ತಂಗಿಗೆ ನಾನು ಹೇಳ್ತೀನಿ. ಬಚ್ಚಲ ಗೋಡೆಗೆ ಹಿಡ್ಕೊಳ್ಳೋಕೆ ಒಂದು ಗಟ್ಟಿ ಹಿಡಿ ಹಾಕಿಕೊಡು."

"ಎಷ್ಟು ಎತ್ತರಕ್ಕೆ?"

"ನನ್ನನ್ನ ಕೇಳಬೇಡ. ಒಳಗೆ ಹೋಗಿ ಅಮ್ಮನ್ನ ಕೇಳು. ಕೇಳಿದ ಮೇಲೆ ಅಲ್ಲೇ ನಿಂತು, ಅವಳ ಕೈ ಎಲ್ಲಿಗೆ ಹೋಗುತ್ತೆ ಅಂತ ನೋಡು."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವು ಮಾಡುವುದು ಫೋನಿನ ಆ್ಯಪ್ ಇರಬಹುದು, ಟೋಕನ್ ಕೊಡುವ ಯಂತ್ರ ಇರಬಹುದು, ಕಚೇರಿಯ ಒಂದು ಅರ್ಜಿ ನಮೂನೆಯೇ ಇರಬಹುದು. ಅದನ್ನು ದಿನವೂ ಮುಟ್ಟುವವರು ನೀವಲ್ಲ. ಮಾಡುವ ಮುಂಚೆ ಅವರ ಹತ್ತಿರ ಹೋಗಿ. ಅವರು ಕೆಲಸ ಮಾಡುವ ಜಾಗದಲ್ಲೇ ಒಂದು ದಿನ ಸುಮ್ಮನೆ ಕೂತು ನೋಡಿ. ಚೆನ್ನಾಗಿದೆಯಾ ಅಂತ ಕೇಳಿ ಅವರನ್ನು ಸಂಕೋಚಕ್ಕೆ ಸಿಕ್ಕಿಸಬೇಡಿ, ಹಿಂದಿನ ಸಲ ಏನಾಯಿತು ಅಂತ ಕೇಳಿ. ಅದನ್ನು ಬಳಸುವವರು ಬೇರೆ, ಅದರಿಂದ ಕೆಲಸ ಬೀಳುವವರು ಬೇರೆ ಆಗಿದ್ದರೆ ಇಬ್ಬರನ್ನೂ ಕೇಳಿ. ರಟ್ಟಿನಲ್ಲೋ ಕಾಗದದಲ್ಲೋ ಮಾಡಿ ತೋರಿಸಿ, ಬೇಡ ಅಂದರೆ ಹರಿದು ಇನ್ನೊಂದು ಮಾಡಿ. ನೀವು ಮಾಡಿದ್ದರಲ್ಲಿ ಅವರು ಧೈರ್ಯವಾಗಿ ಒಂದು ತಪ್ಪು ತೋರಿಸಿದ ದಿನ ನಿಮ್ಮ ಕೆಲಸ ಸರಿಯಾದ ದಾರಿ ಹಿಡಿಯಿತು ಅಂತ ತಿಳಿಯಿರಿ. ಇವತ್ತೇ ಹೋಗಿ ಕೂತು ನೋಡಿ. ಅವರು ಬೀಳುವವರೆಗೆ ಕಾಯಬೇಡಿ.