ಚಾವಣಿಯಲ್ಲಿದ್ದ ಹುಡುಗಿ

"ಎಡಗಾಲು ಮೊದಲು," ಎಂದು ಅಂತ್ಯಕ್ರಿಯೆ ನಡೆಸಿಕೊಡುವವನು ಪಿಸುಗುಟ್ಟಿದ. ಮಾರೆನ್ ಬಲಗಾಲು ಮುಂದಿಟ್ಟಳು. ಪೆಟ್ಟಿಗೆ ಒಮ್ಮೆ ಓಲಾಡಿತು. ಎದುರಿನ ಹಿಡಿಕೆ ಹಿಡಿದಿದ್ದ ಅವಳ ಅಪ್ಪ ಹೆನ್ನಿಂಗ್ ಗಾಬರಿಯಿಂದ ತಲೆ ಎತ್ತಿದ. ಆಮೇಲೆ ಆರೂ ಜನ ಹೆಜ್ಜೆ ಸರಿಮಾಡಿಕೊಂಡು ಮಾರೆನ್ ಅಮ್ಮ ಬೋದಿಲ್‌ಳನ್ನು ಇಗರ್ಜಿಯಿಂದ ಹೊರಗೆ ತಂದರು.

ಇಷ್ಟು ಜನ ಬರುತ್ತಾರೆಂದು ಮನೆಯವರು ಎಣಿಸಿರಲಿಲ್ಲ. ಬೋದಿಲ್ ದೊಡ್ಡ ಮನುಷ್ಯಳೇನಲ್ಲ. ಮೂವತ್ತೊಂದು ವರ್ಷ ಊರಿನ ಶಾಲೆಯ ದಂತ ಚಿಕಿತ್ಸಾಲಯದಲ್ಲಿ ಮಕ್ಕಳ ಹಲ್ಲು ಶುಚಿ ಮಾಡಿದವಳು, ಅಷ್ಟೇ. ಒಂಬತ್ತು ದಿನದ ಹಿಂದೆ, ಶನಿವಾರ, ಸೈಕಲ್ಲಿಗೆ ಬೀಗ ಹಾಕುತ್ತಾ ಕುಸಿದಳು. ಹೃದಯ ನಿಂತಿತ್ತು.

ದಾರಿಯ ಎರಡೂ ಬದಿಗೆ ಮಾರೆನ್ ವಯಸ್ಸಿನ ಹುಡುಗಿಯರೇ ಹೆಚ್ಚು. ಮಾರೆನ್ ಓದಿದ್ದು ಪಕ್ಕದೂರಿನಲ್ಲಿ, ಇವರಲ್ಲಿ ಒಬ್ಬರ ಹೆಸರೂ ಅವಳಿಗೆ ಗೊತ್ತಿಲ್ಲ. ಆದರೆ ಅವರೆಲ್ಲ ಇವಳನ್ನು ಹಳೆಯ ಗೆಳತಿಯಂತೆ ನೋಡುತ್ತಿದ್ದರು. ಒಬ್ಬಳು ತನ್ನ ತೋಳನ್ನು ಮುಟ್ಟಿಕೊಂಡು ತಲೆಯಾಡಿಸಿದಳು. ಸ್ವಲ್ಪ ಮುಂದೆ ಇನ್ನೊಬ್ಬಳೂ ಹಾಗೇ ಮಾಡಿದಳು. ಮಾರೆನ್‌ಗೆ ತಲೆಬುಡ ಅರ್ಥವಾಗಲಿಲ್ಲ.

ಮಣ್ಣು ಮಾಡಿ ಬಂದಮೇಲೆ ಇಗರ್ಜಿಯ ಪಕ್ಕದ ಸಭಾಂಗಣದಲ್ಲಿ ಕಾಫಿ, ಬೆಣ್ಣೆ ಹಚ್ಚಿದ ಬನ್ನು, ಕೆನೆ ಹಾಕಿದ ಕೇಕು. ಬೇಕರಿಯ ಕಿರ್ಸ್ತನ್ ಚಮಚದಿಂದ ಕಪ್ಪು ಬಡಿದು ಎದ್ದು ನಿಂತಳು.

"ನಾನು ಬೋದಿಲ್ ಜೊತೆ ಜಗಳ ಆಡಿದವಳು, ಅದನ್ನ ಮೊದಲೇ ಹೇಳ್ಬಿಡ್ತೀನಿ. ಎರಡು ಸಾವಿರದ ಹದಿನೈದು ಇರ್ಬೇಕು. ಟಿವಿ ಹಾಕಿದ್ರೆ ಸಾಕು, ಎಚ್‌ಪಿವಿ ಲಸಿಕೆ ಹಾಕಿಸ್ಕೊಂಡು ಎದ್ದು ನಿಲ್ಲೋಕೇ ಆಗ್ತಿಲ್ಲ ಅಂತ ಹುಡುಗೀರು ಅಳೋರು. ನಮ್ಮ ಫ್ರೀಯಾಗೆ ಆಗ ಹನ್ನೆರಡು. ಹಲ್ಲು ತೋರಿಸೋಕೆ ಕರ್ಕೊಂಡು ಹೋದ್ರೆ ಇವಳು ಲಸಿಕೆ ಆಯ್ತಾ ಅಂತ ಕೇಳ್ತಾಳೆ! ಎಲ್ಲಿತ್ತೋ ಸಿಟ್ಟು, 'ನೀನು ಹಲ್ಲಿನವಳು, ಹಲ್ಲು ನೋಡ್ಕೋ' ಅಂದೆ."

ಒಂದಿಬ್ಬರು ನಕ್ಕರು.

"ಅದಕ್ಕೆ ಬೋದಿಲ್, 'ಹಲ್ಲಿನ ಹಿಂದೆ ಗಂಟಲೂ ಇದೆ ಕಿರ್ಸ್ತನ್. ಆ ಲಸಿಕೆ ತಡೆಯೋ ವೈರಸ್ಸು ಗರ್ಭಕೋಶದ ಬಾಯಲ್ಲಿ ಮಾತ್ರ ಅಲ್ಲ, ಅಲ್ಲೂ ಕ್ಯಾನ್ಸರ್ ತರತ್ತೆ. ದಿನಾ ಬಾಯಿ ನೋಡೋಳು ನಾನು, ನಾನಲ್ದೆ ಇನ್ಯಾರು ಹೇಳ್ಬೇಕು?' ಅಂದ್ಲು. ನಾನು ಒಪ್ಪಲಿಲ್ಲ. ಆಗ ನನ್ನನ್ನೇ ಆ ಕುರ್ಚಿ ಮೇಲೆ ಮಲಗಿಸಿ, 'ಮೇಲೆ ನೋಡು' ಅಂದ್ಲು. ನೋಡಿದೆ. ಮಾರನೇ ದಿನವೇ ಫ್ರೀಯಾನ ಡಾಕ್ಟರ್ ಹತ್ರ ಕರ್ಕೊಂಡು ಹೋದೆ."

ಕಿರ್ಸ್ತನ್ ಮಾರೆನ್ ಕಡೆ ತಿರುಗಿ ಕಪ್ಪು ಎತ್ತಿದಳು. ಸಭಾಂಗಣವೇ ಅವಳ ಕಡೆ ತಿರುಗಿತು.

ಮಾರೆನ್ ಕೈಯಲ್ಲಿದ್ದ ಬನ್ನು ಕೈಯಲ್ಲೇ ಉಳಿಯಿತು. ಮೂರು ವಾರದ ಹಿಂದೆ ಅವಳಿಗೊಂದು ಕಾಗದ ಬಂದಿತ್ತು. ಗರ್ಭಕೋಶದ ಬಾಯಿಯ ಪರೀಕ್ಷೆಯಲ್ಲಿ ಜೀವಕೋಶಗಳು ಸರಿಯಿಲ್ಲ, ಗುರುವಾರ ಆಸ್ಪತ್ರೆಯಲ್ಲಿ ಚೂರು ತೆಗೆದು ನೋಡಬೇಕು ಎಂದು. ಡಾಕ್ಟರು ಕಂಪ್ಯೂಟರ್ ನೋಡಿ, "ನಿನಗೆ ಲಸಿಕೆ ಹಾಕಿದ ದಾಖಲೆಯೇ ಇಲ್ವಲ್ಲ" ಎಂದಿದ್ದರು. ಸಾಧ್ಯವೇ ಇಲ್ಲ, ನಾನು ಬೋದಿಲ್ ಮಗಳು ಎಂದಿದ್ದಳು ಮಾರೆನ್. ಭಾನುವಾರ ಅಮ್ಮನ ಹತ್ತಿರ ಕೂತು ಕೇಳೋಣವೆಂದುಕೊಂಡಿದ್ದಳು. ಆ ಶನಿವಾರವೇ ಅಮ್ಮ ಹೋದಳು.

"ಅಪ್ಪಾ," ಎಂದಳು ತಗ್ಗಿದ ದನಿಯಲ್ಲಿ, "ನನಗೆ ಆ ಲಸಿಕೆ ಹಾಕ್ಸಿದ್ರಾ ಇಲ್ವಾ?"

"ಈಗ ಯಾಕೆ ಅದು?"

"ಹಾಕ್ಸಿದ್ರಾ?"

"ಅಮ್ಮ ಊರಿಗೆಲ್ಲ ಹಾಕ್ಸಿದಾಳೆ, ಕೇಳಿದ್ಯಲ್ಲ," ಎಂದು ಹೆನ್ನಿಂಗ್ ಸಕ್ಕರೆ ಹಾಕದ ಕಾಫಿಯನ್ನು ಕಲಕತೊಡಗಿದ.

*

ಆಗ ಮಾರೆನ್‌ಗೂ ಹನ್ನೆರಡು. ಬರಿಗಾಲಲ್ಲಿ ದೋಣಿಕಟ್ಟೆಗೆ ಹೋಗಕೂಡದೆಂದು ಅಮ್ಮ ನೂರು ಸಲ ಹೇಳಿದ್ದಳು. ಅಪ್ಪ ಮಗಳು ಇಬ್ಬರೂ ಬರಿಗಾಲಲ್ಲೇ ಹೋದರು. ತುಕ್ಕು ಹಿಡಿದ ಮೊಳೆ ಅವಳ ಬಲಗಾಲಿಗೆ ಹೊಕ್ಕಿತು. ಡಾಕ್ಟರು ಅಂಗಾಲಿಗೆ ಹೊಲಿಗೆ ಹಾಕಿ, ತೋಳಿಗೆ ಧನುರ್ವಾಯುವಿನ ಸೂಜಿ ಚುಚ್ಚಿ, ಅದರ ಮೇಲೊಂದು ಪುಟ್ಟ ಪಟ್ಟಿ ಅಂಟಿಸಿದರು. ಮನೆಗೆ ಬರುವಾಗ ಹೆನ್ನಿಂಗ್ ದೋಣಿಯಲ್ಲಿದ್ದ ತನ್ನ ಉಣ್ಣೆಯ ಕಾಲುಚೀಲವನ್ನು ಅವಳ ಗಾಯದ ಕಾಲಿಗೆ ಎಳೆದುಹಾಕಿದ.

"ಅಮ್ಮನಿಗೆ ಹೇಳ್ಬೇಡ. ನಮ್ಮಿಬ್ಬರ ಚರ್ಮ ಸುಲೀತಾಳೆ."

ಬೋದಿಲ್ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕಾಲಿನ ಕಡೆ ನೋಡಲಿಲ್ಲ. ತೋಳಿನ ಪಟ್ಟಿ ನೋಡಿದ್ದೇ ಅವಳ ಮುಖ ಅರಳಿತು.

"ಲಸಿಕೆ ಹಾಕ್ಸಿಬಿಟ್ರಾ? ಬೆಳಗ್ಗೆ ಹೇಳಿದ್ದನ್ನ ಮಧ್ಯಾಹ್ನಕ್ಕೇ ಮಾಡಿದೀಯ ಹೆನ್ನಿಂಗ್, ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ?"

"ಹೂಂ," ಎಂದ ಹೆನ್ನಿಂಗ್.

"ನೋವಾಯ್ತಾ ಚಿನ್ನ?"

ಗುಟ್ಟು ಉಳಿಯಿತೆಂಬ ಖುಷಿಯಲ್ಲಿ ಮಾರೆನ್‌ಗೆ ನಗು ತಡೆಯಲಾಗಲಿಲ್ಲ. "ಇಲ್ವೇ ಇಲ್ಲ!" ಎಂದಳು.

"ಹಂಗೇ ಇರು, ಹಂಗೇ ನಗ್ತಾ ಇರು," ಎಂದು ಬೋದಿಲ್ ಕೈ ಒರೆಸಿಕೊಳ್ಳುತ್ತಾ ಕ್ಯಾಮೆರಾ ತರಲು ಒಳಗೆ ಓಡಿದಳು.

*

ಚಿಕಿತ್ಸಾಲಯ ಇಗರ್ಜಿಯ ಎದುರಿನ ರಸ್ತೆಯಲ್ಲೇ ಇತ್ತು. ಇಪ್ಪತ್ತು ವರ್ಷ ಬೋದಿಲ್ ಪಕ್ಕದಲ್ಲಿ ನಿಂತು ಸಲಕರಣೆ ಕೊಡುತ್ತಿದ್ದ ಯುಟ್ಟೆ ಬೀಗ ತೆಗೆದಳು. ಅವಳ ಮೂಗು ಅತ್ತು ಕೆಂಪಾಗಿತ್ತು.

"ಕಿರ್ಸ್ತನ್ ಏನು ನೋಡಿದ್ಲು ಅಂತ ಕೇಳ್ತಿದೀಯಲ್ಲ, ಈ ಕುರ್ಚಿ ಮೇಲೆ ನೀನು ಒಂದ್ಸಲನೂ ಮಲಗಿಲ್ವಾ?"

"ಇಲ್ಲ. 'ಮನೇಲಿ ನಾನು ಅಮ್ಮ, ನಿನ್ನ ಹಲ್ಲನ್ನ ಬೇರೆಯೋರು ನೋಡ್ಲಿ' ಅಂತಿದ್ಲು."

"ಹಂಗಾದ್ರೆ ಊರಿಗೆಲ್ಲ ಗೊತ್ತಿರೋದು ನಿನಗೊಬ್ಬಳಿಗೇ ಗೊತ್ತಿಲ್ಲ. ಮಲ್ಕೋ."

ಯುಟ್ಟೆ ಕಾಲಲ್ಲಿ ಗುಂಡಿ ಒತ್ತಿದಳು. ಕುರ್ಚಿ ಮೆಲ್ಲಗೆ ಹಿಂದಕ್ಕೆ ಬಾಗಿತು. ದೀಪದ ಆಚೆ, ಚಾವಣಿಯಲ್ಲಿ, ಬಾಗಿಲಿನಷ್ಟು ದೊಡ್ಡ ಚಿತ್ರ. ಒಣಗುವ ಬಟ್ಟೆಗಳ ಮುಂದೆ ಒಬ್ಬ ಹುಡುಗಿ ತೋಳು ಮುಂದೆ ಮಾಡಿ ಬಾಯ್ತುಂಬ ನಗುತ್ತಿದ್ದಳು. ತೋಳಿನಲ್ಲಿ ಪುಟ್ಟ ಪಟ್ಟಿ.

"ಹುಡುಗೀರು ಹೆದರಿದಾಗೆಲ್ಲ ಅವಳದ್ದು ಒಂದೇ ಮಾತು," ಎಂದಳು ಯುಟ್ಟೆ. "'ನೋಡು, ಇವಳು ನನ್ನ ಮಗಳು. ಲಸಿಕೆ ಹಾಕಿಸ್ಕೊಂಡು ಆಗಷ್ಟೇ ಬಂದಿದಾಳೆ, ಹೇಗೆ ನಗ್ತಿದಾಳೆ ನೋಡು.' ಅಮ್ಮಂದಿರಿಗೂ ಅದೇ. ಸ್ವಂತ ಮಗಳಿಗೇ ಹಾಕ್ಸಿದಾಳೆ ಅಂದ್ಮೇಲೆ ಇನ್ನೇನು ಮಾತು? ಹನ್ನೆರಡು ವರ್ಷ ಕಣೇ. ಆಮೇಲೆ ಹುಡುಗ್ರಿಗೂ ಲಸಿಕೆ ಬಂತು, ಅವರಿಗೂ ಇದನ್ನೇ ತೋರಿಸಿದ್ಲು."

ಮಾರೆನ್‌ಗೆ ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು, ಅದೂ ಆಗಲಿಲ್ಲ. ಅಮ್ಮ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಸುಳ್ಳನ್ನು ಅಮ್ಮನ ಕೈಗೆ ಕೊಟ್ಟವರಲ್ಲಿ ತಾನೂ ಒಬ್ಬಳು.

ಬಾಗಿಲಲ್ಲಿ ಹೆನ್ನಿಂಗ್ ನಿಂತಿದ್ದ. ಯಾವಾಗ ಬಂದನೋ, ಟೋಪಿ ಕೈಯಲ್ಲೇ ಇತ್ತು.

"ಎರಡನೇ ಸಲದ್ದು ಆಯ್ತಾ ಅಂತ ಅವಳು ಮತ್ತೆ ಕೇಳಿದ್ಲು," ಎಂದ. "ಅದೂ ಆಯ್ತು ಅಂದ್ಬಿಟ್ಟೆ. ಮೊದಲನೇದೇ ಆಗಿಲ್ಲ ಅಂತ ಹೇಗೆ ಹೇಳ್ಲಿ? ನಿಜವಾಗ್ಲೂ ಹಾಕ್ಸೋಣ ಅಂತಲೇ ಇದ್ದೆ ಮಾರೆನ್. ಅಷ್ಟರಲ್ಲಿ ಟಿವಿಯಲ್ಲಿ ಆ ಹುಡುಗೀರು ಬಂದ್ರು. ನನಗೆ ಭಯ ಆಯ್ತು. ನಾಳೆ, ನಾಳಿದ್ದು ಅಂತ... ಆಮೇಲೆ ಅವಳೂ ಕೇಳ್ಲಿಲ್ಲ, ನಾನೂ ಮರೆತೆ."

ಯುಟ್ಟೆ ಇಬ್ಬರ ಮುಖವನ್ನೂ ನೋಡಿದಳು. "ಏನು ಹೇಳ್ತಿದೀರಿ ನೀವು? ನನಗೊಂದೂ ಗೊತ್ತಾಗ್ತಿಲ್ಲ."

"ಗುರುವಾರ ನನಗೆ ಆಸ್ಪತ್ರೇಲಿ ಪರೀಕ್ಷೆ ಇದೆ, ಕ್ಯಾನ್ಸರ್ ಆಗೋ ಥರ ಇದೆಯಾ ಅಂತ ನೋಡೋಕೆ," ಎಂದಳು ಮಾರೆನ್. ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. "ಅಪ್ಪಾ, ನೀನು ನನ್ನ ಜೊತೆ ಬರ್ತೀಯ."

"ಬರ್ತೀನಿ."

"ಈಗ ಇಲ್ಲಿ ಬಾ. ಮಲ್ಕೋ."

ಅವನು ಬಂದ. ಕೋಟು ಬಿಚ್ಚದೆ, ಟೋಪಿಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಒರಗಿದ. ಮಾರೆನ್ ಕೈ ಚಾಚಿ ದೀಪವನ್ನು ಮೇಲಕ್ಕೆ ತಿರುಗಿಸಿದಳು. ಊರಿನ ಮಕ್ಕಳೆಲ್ಲ ಬಾಯಿ ತೆರೆದುಕೊಂಡು ನೋಡಿದ್ದ ಆ ಚಿತ್ರದ ಕೆಳಭಾಗಕ್ಕೆ ಬೆಳಕು ಬಿತ್ತು. ಬೇಸಿಗೆಯ ಹುಲ್ಲಿನ ಮೇಲೆ ಹುಡುಗಿಯ ಎಡಗಾಲು ಬರಿಗಾಲು. ಬಲಗಾಲಿಗೆ, ಮೊಣಕಾಲಿನವರೆಗೂ ಎಳೆದ, ಗಂಡಸರ ಬೂದು ಬಣ್ಣದ ಉಣ್ಣೆಯ ಕಾಲುಚೀಲ.