ಮದ್ದೂರು ಸ್ಟೇಷನ್ನಿನಲ್ಲಿ ಹಂಚಿಹೋದ ರಾಮಾಯಣ

ಬಂಡೂರಿನ ಸಿದ್ದರಾಮು ಮೀಸೆ ಚಿಗುರುವ ಮೊದಲೇ ಸೀತೆಯಾದವನು. ಈಗ ದಿನಕ್ಕೆರಡು ಸಲ ಗಡ್ಡ ಹೆರೆದುಕೊಳ್ಳಬೇಕಾದ ವಯಸ್ಸು ಬಂದಿದ್ದರೂ ಸೀತೆಯಾಗಿಯೇ ಉಳಿದಿದ್ದ. ಅವನದು ಕುರಿ ಕಾಯುವ ಮನೆತನ. ಕುರಿಗಳನ್ನು ಕೂಗಿ ಕರೆಯುವ ಅವನ ದನಿಯಲ್ಲಿ ಏನೋ ಒಂದು ಇಂಪು ಕಂಡು ಮಳವಳ್ಳಿಯ ನಾಟಕ ಕಂಪನಿಯವರು ಹೊತ್ತುಕೊಂಡು ಹೋಗಿದ್ದರು. ಸೆರಗು ಹೊದ್ದು, ಕತ್ತು ಒಂದಿಷ್ಟು ಓರೆ ಮಾಡಿ "ನಾಥಾ" ಎಂದನೆಂದರೆ ಮಳವಳ್ಳಿ, ಮದ್ದೂರು, ಮಂಡ್ಯದ ಸೀಮೆಯ ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ಈಚೆಗೆ ಆ ದನಿ ಒಡೆದ ಕಂಚಿನಂತಾಗಿದ್ದನ್ನು ಎಲ್ಲರೂ ಗಮನಿಸಿದ್ದರು. ಗಮನಿಸದೆ ಉಳಿದವನು ಅವನೊಬ್ಬನೇ.

ಕಂಪನಿಗೆ ಇಬ್ಬರು ಯಜಮಾನರು. ಚಿಕ್ಕಮಾದಯ್ಯ ರಾಮನಾಗುತ್ತಿದ್ದ, ದೊಡ್ಡಬೀರಯ್ಯ ರಾವಣನಾಗುತ್ತಿದ್ದ. ರಂಗದ ಮೇಲೆ ಒಬ್ಬ ಇನ್ನೊಬ್ಬನನ್ನು ಕೊಲ್ಲುವುದು, ಬಣ್ಣ ಕಳಚಿದ ಮೇಲೆ ಇಬ್ಬರೂ ಒಂದೇ ಚೀಲದ ಎಲೆ ಅಡಿಕೆ ಹಾಕಿಕೊಳ್ಳುವುದು ಎಷ್ಟೋ ವರ್ಷಗಳ ಪದ್ಧತಿ. ಇಂಥ ಸ್ನೇಹ ಕೆಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಯುದ್ಧದಿಂದಲ್ಲ, ಊರು ಬದಲಾಯಿಸುವ ಮಾತಿನಿಂದ.

ಸೀಮೆಎಣ್ಣೆ ಸಿಗುತ್ತಿರಲಿಲ್ಲ. ದೀಪವಿಲ್ಲದೆ ಲಂಕಾದಹನವನ್ನು ಕತ್ತಲಲ್ಲಿ ಮುಗಿಸಬೇಕಾಗಿತ್ತು. ಮೇಲಾಗಿ ಮಳವಳ್ಳಿಯ ಜನಕ್ಕೆ ನಾಟಕವೆಲ್ಲ ಬಾಯಿಪಾಠವಾಗಿ, ಆಂಜನೇಯ ಮಾತು ಮರೆತರೆ ಚಾಪೆಯ ಮೇಲೆ ಕೂತವರೇ ಹೇಳಿಕೊಡುತ್ತಿದ್ದರು. ಇನ್ನು ಊರೂರು ಅಲೆಯುವುದು ಸಾಕು, ದೊಡ್ಡ ಪಟ್ಟಣವೊಂದರಲ್ಲಿ ಕಾಯಮ್ಮಾಗಿ ನೆಲೆ ನಿಂತುಬಿಡೋಣ ಎಂಬುದಕ್ಕೆ ಯಜಮಾನರಿಬ್ಬರೂ ಒಪ್ಪಿದರು. ಯಾವ ಪಟ್ಟಣ ಎಂಬಲ್ಲಿ ಒಪ್ಪಲಿಲ್ಲ.

"ಮೈಸೂರು," ಎಂದ ಚಿಕ್ಕಮಾದಯ್ಯ. "ಅರಮನೆ ಇರೋ ಊರು. ರಾಮ ಇರಬೇಕಾದ್ದು ರಾಜಧಾನೀಲಿ ಕಣ್ಲಾ."

"ಬೆಂಗ್ಳೂರು," ಎಂದ ದೊಡ್ಡಬೀರಯ್ಯ. "ರಾತ್ರಿನೂ ಅಗಲಿನಂಗೆ ಕರೆಂಟು ಉರೀತದೆ ಅಲ್ಲಿ. ಒಂದೊಂದು ಬೀದೀಲೂ ಒಂದೊಂದು ಅಳ್ಳಿ ಜನ."

ಚಿಕ್ಕಮಾದಯ್ಯ ಮೈಸೂರನ್ನು ಕಂಡಿದ್ದು ಒಮ್ಮೆ ದಸರೆಯಲ್ಲಿ. ಕಂಡಿದ್ದೆಲ್ಲ ಮುಂದೆ ನಿಂತಿದ್ದ ಪೊಲೀಸಿನವನ ಬೆನ್ನು. ದೊಡ್ಡಬೀರಯ್ಯ ಬೆಂಗಳೂರಿಗೆ ಹೋಗಿದ್ದು ಒಮ್ಮೆ ದವಡೆಹಲ್ಲು ಕೀಳಿಸಲು. ಬಾಯಿಗೆ ಪಂಚೆಯ ಚುಂಗು ಒತ್ತಿಕೊಂಡು ಆವತ್ತೇ ವಾಪಸಾಗಿದ್ದ. ಊರನ್ನು ಕಂಡದ್ದು ಕಡಿಮೆಯಾದಷ್ಟೂ ಹೊಗಳುವುದು ಸಲೀಸಾಯಿತು.

ಮಳವಳ್ಳಿಯ ಕಾಫಿ ಹೋಟಲಿನಲ್ಲಿ ಎರಡು ಪಕ್ಷಗಳಾದವು. ಬೆಂಗಳೂರಿನ ಚಳಿಗೆ ಹಾಡುವವರ ಗಂಟಲು ಕಟ್ಟಿಹೋಗುತ್ತದೆ ಎಂದರು ಮೈಸೂರಿನವರು. ಮೈಸೂರಿನ ಜನ ಮಧ್ಯಾಹ್ನ ಮಲಗಿದರೆ ದೀಪ ಹಚ್ಚುವ ಹೊತ್ತಿಗೂ ಏಳುವುದಿಲ್ಲ, ನಾಟಕಕ್ಕೆ ಯಾರು ಬಂದಾರು ಎಂದರು ಬೆಂಗಳೂರಿನವರು. ಹುಟ್ಟಿದಾಗಿನಿಂದ ಮದ್ದೂರಿನಾಚೆಗೆ ಕಾಲಿಡದ ಮರಿಸಿದ್ದಯ್ಯನೆಂಬ ಮುದುಕ ಎರಡೂ ಊರಿನ ನೀರಿನ ರುಚಿ ಹೋಲಿಸಿ ತೀರ್ಪು ಕೊಟ್ಟ. ಆ ತೀರ್ಪನ್ನು ಎರಡು ಪಕ್ಷದವರೂ ತಮ್ಮದೆಂದುಕೊಂಡರು.

ಸೀತೆ ಯಾರ ಕಡೆಗೋ ಕಂಪನಿ ಆ ಕಡೆಗೆ ಎಂಬುದು ಯಜಮಾನರಿಬ್ಬರ ಲೆಕ್ಕಾಚಾರವಾಗಿತ್ತು. ಹಾಗಾಗಿ ಸಿದ್ದರಾಮುವಿನ ಬಾಡಿಗೆ ಮನೆಯ ಜಗಲಿಗೆ ಇದ್ದಕ್ಕಿದ್ದಂತೆ ಯೋಗ ಬಂತು. ಬೆಳಿಗ್ಗೆ ಚಿಕ್ಕಮಾದಯ್ಯ ಬಂದು ಕೂರುತ್ತಿದ್ದ.

"ಲೋ ಸಿದ್ದರಾಮು, ಮೈಸೂರ್ನಾಗೆ ನಿಂಗೆ ಜರತಾರಿ ರೇಸ್ಮೆ ಸೀರೆ ಉಡುಸ್ತೀನಿ. ಮಾರಾಣೇರು ಒಂದು ಸಲ ನಿನ್ನ ನೋಡುದ್ರೆ ಮುಗೀತು."

"ನೀನು ಯೋಳುದ್ ಮೇಲೆ ಇಲ್ಲ ಅಂದೇನಾ ಮಾದಣ್ಣ," ಎನ್ನುತ್ತಿದ್ದ ಸಿದ್ದರಾಮು, ನೆಲ ನೋಡುತ್ತ. ಸೀತೆಯ ನಾಚಿಕೆ ಅವನಿಗೆ ಮನೆಯಲ್ಲೂ ಅಂಟಿಕೊಂಡಿತ್ತು.

ಸಂಜೆಗೆ ದೊಡ್ಡಬೀರಯ್ಯ ಬರುತ್ತಿದ್ದ.

"ಬೆಂಗ್ಳೂರ್ನಾಗೆ ಕರೆಂಟು ಲೈಟು ನಿನ್ನ ಮೊಕದ ಮೇಲೆ ಬುಟ್ರೆ, ದಂಡಿನ ದೊರೆಗಳೂ ಬಾಯ್ ಬುಟ್ಕೊಂಡು ನೋಡ್ತಾರೆ ಕಣ್ಲಾ. ಅಂತ ಲಕ್ಷಣ ನಿಂದು."

"ನಿನ್ನ ಮಾತು ತೆಗೆದಾಕ್ತೀನಾ ಬೀರಣ್ಣ," ಎಂದು ಅದಕ್ಕೂ ನೆಲ ನೋಡುತ್ತಿದ್ದ.

ಒಳಗೆ ಅವನ ಹೆಂಡತಿ ಪಟ್ಟಲಮ್ಮ ಸೀತೆಯ ರವಿಕೆಯ ಹೊಲಿಗೆ ಮತ್ತೊಮ್ಮೆ ಬಿಚ್ಚಿ ಅಗಲ ಮಾಡುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

"ಎರಡು ಊರ್ಗೂ ಊಂ ಅಂದಿದ್ದೀಯಲ್ಲ, ನಾಳೆ ನಿನ್ನ ನೀನೇ ಸೀಳ್ಕಂಡು ಅರ್ಧರ್ಧ ಕಳುಸ್ತೀಯಾ?" ಎಂದಳು.

"ಆಲೋಚ್ನೆ ಮಾಡ್ತಾವ್ನಿ ಕಣಮ್ಮಿ."

"ಏನ್ ಆಲೋಚ್ನೆ. ಎರಡು ಊರಾಗೂ ನೀನು ಉಡೋದು ಸೀರೆನೇ."

ಅವನಿಗೆ ಅದು ಕಲೆ ಅರ್ಥವಾಗದ ಹೆಣ್ಣಿನ ಮಾತೆನಿಸಿತು. ತನ್ನಂಥ ಕಲಾವಿದನನ್ನು ಎರಡು ಮಹಾನಗರಗಳು ತೋಳು ಚಾಚಿ ಕರೆಯುತ್ತಿರುವಾಗ ಬೇಗ ಉತ್ತರ ಕೊಡುವುದು ಸಣ್ಣತನ. ಕನ್ನಡಿ ಮುಂದೆ ನಿಂತು ಒಮ್ಮೆ ಅರಮನೆಯ ಕಡೆಗೆ, ಒಮ್ಮೆ ದಂಡಿನ ಕಡೆಗೆ ಕತ್ತು ಓರೆ ಮಾಡಿ ನೋಡಿದ. ಎರಡೂ ಚೆನ್ನಾಗಿ ಒಪ್ಪುತ್ತಿದ್ದವು.

ಹೊರಡುವ ದಿನ ಬಂದಾಗಲೂ ತೀರ್ಮಾನವಾಗಿರಲಿಲ್ಲ. ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸಿನ ಮೇಲೆ ಪರದೆ, ಪೆಟ್ಟಿಗೆ, ಸಿಂಹಾಸನ ಎಲ್ಲ ಹೇರಿಕೊಂಡು ಮಳವಳ್ಳಿ ಬಿಟ್ಟರು. ಏರು ಸಿಕ್ಕಲ್ಲೆಲ್ಲ ಬಸ್ಸು ನಿಂತುಬಿಡುತ್ತಿತ್ತು. ರಾಮ ರಾವಣರು ಭುಜ ಕೊಟ್ಟು ತಳ್ಳುತ್ತಿದ್ದರು. ಆವತ್ತು ಅವರು ಒಮ್ಮತದಿಂದ ಮಾಡಿದ ಕೆಲಸ ಅದೊಂದೇ.

ಮದ್ದೂರು ಸ್ಟೇಷನ್ನಿನಲ್ಲಿ ಮೈಸೂರಿನ ಗಾಡಿಯೂ ಬೆಂಗಳೂರಿನ ಗಾಡಿಯೂ ಒಂದಕ್ಕೊಂದು ದಾರಿ ಬಿಟ್ಟುಕೊಡಲು ಎದುರುಬದುರು ನಿಲ್ಲುತ್ತವೆ. ಎರಡೂ ಬರುವ ಮೊದಲು ಪ್ಲಾಟ್‌ಫಾರಮ್ಮಿನಲ್ಲಿ ಪಾಲು ನಡೆಯಿತು. ಬಿಲ್ಲು ಬಾಣ ರಾಮನಿಗೆ, ಹತ್ತು ತಲೆ ರಾವಣನಿಗೆ. ಲಕ್ಷ್ಮಣ ಅಣ್ಣನನ್ನು ಬಿಟ್ಟಿರಲಾರೆನೆಂದ. ಆಂಜನೇಯನ ನಾದಿನಿ ಬೆಂಗಳೂರಿನಲ್ಲಿದ್ದುದರಿಂದ ಅವನು ರಾವಣನ ಕಡೆಗಾದ. ಹಾರ್ಮೋನಿಯಮ್ಮು ಮೈಸೂರಿಗೆ, ಅದನ್ನು ಬಾರಿಸುವವನು ಬೆಂಗಳೂರಿಗೆ. ಕಪಿಸೇನೆ ಚೆದುರಿ, ಬಿಸಿ ವಡೆ ಮಾರುವವನ ಬುಟ್ಟಿಯ ಸುತ್ತ ಸೇರಿತು.

ಉಳಿದದ್ದು ಸೀತೆ. ಸಿದ್ದರಾಮು ನಡುವೆ ನಿಂತಿದ್ದ. ಎಡದ ತೋಳು ರಾಮನ ಕೈಯಲ್ಲಿ, ಬಲದ ತೋಳು ರಾವಣನ ಕೈಯಲ್ಲಿ. ಊರಿನವರು ಸುತ್ತ ನಿಂತು ನೋಡುತ್ತಿದ್ದರು. ತನ್ನ ಜೀವಮಾನದಲ್ಲಿ ಅವನು ಇಷ್ಟು ಸುಖಪಟ್ಟಿರಲಿಲ್ಲ. ಇಬ್ಬರೂ ಇನ್ನೊಂದಿಷ್ಟು ಎಳೆಯಲಿ ಎಂದು ಕಣ್ಣು ಮುಚ್ಚಿಕೊಂಡ.

ಗಾಡಿಗಳೆರಡೂ ಬಂದು ನಿಂತವು. ಗದ್ದಲದಲ್ಲಿ ಸಿದ್ದರಾಮು ಕಣ್ಣು ಬಿಟ್ಟು ಹೆಂಡತಿಯನ್ನು ಹುಡುಕಿದ. ಪಟ್ಟಲಮ್ಮ ಗಂಟುಮೂಟೆ ಸಮೇತ ಬೆಂಗಳೂರಿನ ಗಾಡಿಯ ಕಿಟಕಿಯಲ್ಲಿ ಕೂತು ವಡೆ ತಿನ್ನುತ್ತಿದ್ದಳು.

"ಅಲ್ಲಿಗೆ ಯಾಕೆ ಅತ್ತುದ್ಯಮ್ಮಿ?" ಎಂದು ಕೂಗಿದ.

"ಜಾಗ ಖಾಲಿ ಇತ್ತು, ಕುಂತ್ಕಂಡೆ. ಆ ಗಾಡೀಲಿ ಕಾಲಿಕ್ಕಕ್ಕೂ ಜಾಗಿಲ್ಲ. ನೀನು ಬತ್ತೀಯೋ ಇಲ್ವೋ?"

ಗಾಡಿ ಅಲುಗಿತು. ಸಿದ್ದರಾಮು ರಾಮನಿಂದ ತೋಳು ಬಿಡಿಸಿಕೊಂಡು, ರಾವಣನ ಹಿಂದೆ ಓಡಿ ಹತ್ತಿದ. ಚನ್ನಪಟ್ಟಣ ದಾಟುವಷ್ಟರಲ್ಲಿ ಜೊತೆಯವರಿಗೆಲ್ಲ, ತಾನು ಎರಡೂ ಊರುಗಳ ಗುಣದೋಷಗಳನ್ನು ಬಹಳ ತೂಗಿ ನೋಡಿ ಬೆಂಗಳೂರನ್ನು ಆರಿಸಿಕೊಂಡಿದ್ದಾಗಿ ವಿವರಿಸತೊಡಗಿದ್ದ.

ಬೆಂಗಳೂರಿನಲ್ಲಿ ಇಳಿದರೆ ಕತ್ತಲು. ಜಪಾನಿನವರು ಬಾಂಬು ಹಾಕಿಯಾರೆಂದು ಬೀದಿದೀಪಗಳಿಗೆಲ್ಲ ಕಪ್ಪು ಮುಸುಕು ಹಾಕಿದ್ದರು. ದೊಡ್ಡಬೀರಯ್ಯ ಚರಂಡಿಯಲ್ಲಿ ಕಾಲಿಟ್ಟು, "ಇದೆಲ್ಲ ನಾಕು ದಿನ ಬುಡು," ಎಂದ. ಅಕ್ಕಿಪೇಟೆಯ ವಠಾರವೊಂದರಲ್ಲಿ ಎಲ್ಲರೂ ಒಂದೊಂದು ಕೋಣೆ ಹಿಡಿದರು. ಮರುದಿನ ಬೆಳಿಗ್ಗೆ ಥಿಯೇಟರಿನ ಕಂಟ್ರಾಕ್ಟರ ಬಂದು ಪಾತ್ರಧಾರಿಗಳನ್ನು ಸಾಲಾಗಿ ನಿಲ್ಲಿಸಿದ. ಸಿದ್ದರಾಮುವಿನ ಮುಂದೆ ಬಂದವನು ನಿಂತು ಅವನ ಗದ್ದವನ್ನೇ ನೋಡಿದ.

"ಇವರ್ಯಾರು?"

"ನಮ್ಮ ಸೀತೆ," ಎಂದ ದೊಡ್ಡಬೀರಯ್ಯ.

"ಗಂಡಸರು ಹೆಣ್ಣುವೇಷ ಹಾಕೋ ಕಾಲ ಇಲ್ಲಿ ಹೋಗಿ ಎಷ್ಟೋ ಆಯ್ತಲ್ಲ ಸ್ವಾಮಿ. ಸೀತೆಗೆ ನಾನು ಮೀನಾಕ್ಷಮ್ಮ ಅಂತ ಒಬ್ಬರನ್ನ ಗೊತ್ತು ಮಾಡಿದೀನಿ. ಚೆನ್ನಾಗಿ ಹಾಡ್ತಾರೆ."

"ನಾನೂ ಅದನ್ನೇ ಯೋಳ್ತಿದ್ದೆ," ಎಂದುಬಿಟ್ಟ ದೊಡ್ಡಬೀರಯ್ಯ, ರೆಪ್ಪೆ ಬಡಿಯದೆ.

ಸಿದ್ದರಾಮು ಸಾಲು ಬಿಟ್ಟು ಹೊರಟ. ಕೋಣೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಪಟ್ಟಲಮ್ಮ ಮುದ್ದೆ ಮಾಡಿ ಮುಂದಿಟ್ಟಳು. ಅದನ್ನೂ ಮುಟ್ಟಲಿಲ್ಲ.

ಆದರೆ ಸಂಜೆಯೊಳಗೆ ದೊಡ್ಡಬೀರಯ್ಯನಿಗೆ ಇನ್ನೊಂದು ಸಂಗತಿ ಹೊಳೆಯಿತು. ರಾಮನನ್ನು ಮದ್ದೂರಿನಲ್ಲೇ ಕಳೆದುಕೊಂಡು ಬಂದಿದ್ದರು. ಕಂಟ್ರಾಕ್ಟರ ಬೋರ್ಡು ಬರೆಸಿಯಾಗಿತ್ತು. ರಾಮನ ಮಾತುಗಳನ್ನು ಅಷ್ಟು ವರ್ಷ ಎದುರಿಗೆ ನಿಂತು ಕೇಳಿಸಿಕೊಂಡವನು ಊರಿಗೆಲ್ಲ ಒಬ್ಬನೇ ಇದ್ದ.

"ಏಳ್ಲಾ ಸಿದ್ದರಾಮು," ಎಂದು ಬಂದು ಕೂತ. "ನಾಡಿದ್ದರಿಂದ ನೀನೇ ರಾಮ. ನಿನ್ನ ಎದೆ ಅಗಲ ನೋಡುದ್ರೆ ನೀನು ಸೀತೆ ಆಗಿದ್ದೇ ತಪ್ಪು ಅಂತ ನಂಗೆ ಮೊದ್ಲಿಂದ ಅನ್ನುಸ್ತಿತ್ತು."

ಮೊದಲ ಆಟ ಕೆಟ್ಟಿತು. ಹೊಸದಾಗಿ ಬಿದಿರು ಬಗ್ಗಿಸಿ ಮಾಡಿದ ಹರಧನುಸ್ಸನ್ನು ಸಿದ್ದರಾಮು ಹೂಬುಟ್ಟಿಯಂತೆ ಎತ್ತಿದ. ಮೀನಾಕ್ಷಮ್ಮ ಹಾರ ಹಾಕಲು ಬಂದರೆ ಇವನೇ ಕತ್ತು ಓರೆ ಮಾಡಿ ನಾಚಿದ. ರಾವಣ ಸೀತೆಯನ್ನು ಎತ್ತಿಕೊಂಡು ಹೋಗುವಾಗ ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದ ರಾಮ, ಅಭ್ಯಾಸಬಲದಿಂದ, "ಹಾ ನಾಥಾ, ಕಾಪಾಡು" ಎಂದು ಕಿರುಚಿದ. ಮೀನಾಕ್ಷಮ್ಮ ಬಾಯಿ ತೆರೆದವಳು ತೆರೆದಂತೆಯೇ ನಿಂತಳು. ಜನ ಶಿಳ್ಳೆ ಹಾಕಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನ ಅದನ್ನೇ ನೋಡಲು ಇನ್ನಷ್ಟು ಜನ ಬಂದರು. ಕಂಟ್ರಾಕ್ಟರನಿಗೆ ಬಹಳ ಸಂತೋಷವಾಗಿ, ಆ ಕೂಗನ್ನು ಬಿಡಲೇಕೂಡದು ಎಂದು ಅಪ್ಪಣೆ ಮಾಡಿದ.

"ನಗೋರು ನಗ್ಲಿ ಬುಡು," ಎಂದಳು ಪಟ್ಟಲಮ್ಮ. "ಅಳುಸೋದು ಬಾಕಿ ಐತಲ್ಲ."

ಅಳಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಸೀತಾಪಹರಣವಾದ ಮೇಲೆ ರಾಮ ಕಾಡಿನಲ್ಲಿ ಗಿಡ ಮರಗಳನ್ನು ಕೇಳುತ್ತ ಅಲೆಯುವ ದೃಶ್ಯವನ್ನು ಅವನು ಎಂದೂ ನೋಡಿದವನಲ್ಲ. ಆ ಹೊತ್ತಿನಲ್ಲಿ ಸೀತೆ ಒಳಗೆ ಕೂತು ಕಾಫಿ ಕುಡಿಯುತ್ತಿದ್ದಳು. ಮಾತು ಮಾತ್ರ ಪರದೆಯ ಹಿಂದಿನಿಂದ ಕಿವಿಗೆ ಬೀಳುತ್ತಿತ್ತು. ಈಗ ಆ ಮಾತುಗಳನ್ನು ಆಡುತ್ತ ಆಡುತ್ತ, ಒಂದು ಸಂಜೆ ಅವನಿಗೆ ಮಳವಳ್ಳಿಯ ಜಗಲಿ ನೆನಪಾಯಿತು. ತನ್ನನ್ನು ಕರೆಯುತ್ತ ಬಂದವರೆಲ್ಲ ನೆನಪಾದರು. ಅವರು ಹೊಗಳುತ್ತಿದ್ದ ಆ ಸೀತೆ ಎಲ್ಲಿ ಹೋದಳು ಎಂದು ನಿಜವಾಗಿಯೂ ಯಾರನ್ನಾದರೂ ಕೇಳಬೇಕೆನಿಸಿತು. ರಟ್ಟಿನ ಮಾವಿನ ಮರವನ್ನು ಕೇಳಿದ. ದನಿ ಒಡೆಯಿತು, ಒಡೆದ ದನಿಯಲ್ಲೇ ಕೇಳಿದ. ಶಿಳ್ಳೆ ನಿಂತಿತು. ಮುಂದಿನ ಬೆಂಚಿನಲ್ಲಿ ಖಾಕಿ ತೊಟ್ಟು ಕೂತಿದ್ದ, ಭಾಷೆ ಬಾರದ ಸಿಪಾಯಿಯೊಬ್ಬ ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಅಲ್ಲಿಂದ ಬೆಂಗಳೂರಿನ ಜನ ಮೊದಲರ್ಧಕ್ಕೆ ನಗಲು ಬಂದು, ಎರಡನೆಯ ಅರ್ಧಕ್ಕೆ ಮೂಗೊರೆಸಿಕೊಂಡು ಹೋಗತೊಡಗಿದರು.

ದೀಪಾವಳಿ ಕಳೆದ ಮೇಲೆ ಒಂದು ದಿನ ಚಿಕ್ಕಮಾದಯ್ಯ ವಠಾರದ ಬಾಗಿಲಿಗೆ ಬಂದ. ಇಳಿದುಹೋಗಿದ್ದ. ಪಟ್ಟಲಮ್ಮ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಉಣ್ಣಲು ಬಡಿಸಿದಳು.

"ಮೈಸೂರು ಎಂಗದೆ ಮಾದಣ್ಣ?" ಎಂದು ಕೇಳಿದ ಸಿದ್ದರಾಮು.

"ಅದರ ಮುಂದೆ ಇದೂ ಒಂದು ಊರೇನ್ಲಾ. ಜನ ಎಂತ ಗಂಭೀರ ಅಂದ್ರೆ, ನಗಕಿಲ್ಲ, ಅಳಕಿಲ್ಲ. ಆಟ ಮುಗುದ್ರೆ ಎದ್ದು 'ಪರವಾಗಿಲ್ಲ' ಅಂತ ಓಯ್ತಾರೆ. ಅಷ್ಟು ಮರ್ಯಾದೆ."

"ರಾವಣನ್ನ ಯಾರು ಮಾಡ್ತಾರೆ?"

ಚಿಕ್ಕಮಾದಯ್ಯ ಮುದ್ದೆ ಮುರಿದ. "ಲಕ್ಷ್ಮಣನೇ ಮಾಡ್ತಾನೆ. ಅಲ್ಲೇ ಸಿಕ್ಕಿದ ಸೀತಮ್ಮನ್ನ ಕಾಯಕ್ಕೆ ಗೆರೆ ಎಳೆದು ಓಯ್ತಾನೆ, ಮೀಸೆ ಅಂಟಿಸ್ಕಂಡು ಬಂದು ಅವ್ನೇ ಒತ್ಕಂಡೋಯ್ತಾನೆ. ಮೈಸೂರ್ನೋರು ಅದ್ನೂ ಏನೂ ಅನ್ನಲಿಲ್ಲ." ಸಾರು ಸುರಿದುಕೊಂಡ. "ಅದ್ಕೇ ಬಂದೆ. ನೀನು ಬಾರ್ಲಾ. ನಿನ್ನ ರಾವಣ ಮಾಡ್ತೀನಿ. ಅರಮನೆ ಬಾಗ್ಲು ಇವತ್ತೋ ನಾಳೆಯೋ ತೆಗೀತದೆ."

ಸಿದ್ದರಾಮು ಹೆಂಡತಿಯ ಮುಖ ನೋಡಿದ. ಅವಳು ಉಪ್ಪಿನಕಾಯಿಯ ಜಾಡಿ ಮುಚ್ಚುತ್ತಿದ್ದಳು. ಮೊದಲಾಗಿದ್ದರೆ ನೆಲ ನೋಡುತ್ತಿದ್ದ.

"ಇಲ್ಲ ಕಣಣ್ಣ, ನಾನು ಬರಕಿಲ್ಲ," ಎಂದ. ಹೀಗೆ ಅಂದದ್ದು ಜೀವಮಾನದಲ್ಲಿ ಮೊದಲ ಸಲವಾದ್ದರಿಂದ ಏನಾಗುವುದೋ ಎಂದು ಕಾದ. ಏನೂ ಆಗಲಿಲ್ಲ. ಚಿಕ್ಕಮಾದಯ್ಯ ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಆ ಸಂಜೆ ಚಿಕ್ಕಮಾದಯ್ಯ ಆಟ ನೋಡಿದ. ತನ್ನ ಪಾತ್ರವನ್ನು ಇನ್ನೊಬ್ಬ ಹಾಕಿದ್ದನ್ನು ನೋಡುವುದು ಸುಲಭವಲ್ಲ. ಕೈಕಟ್ಟಿ ಹಿಂದಿನ ಸಾಲಿನಲ್ಲಿ ಕೂತು, ಮುಗಿದ ಮೇಲೆ ಒಳಗೆ ಬಂದು, "ಬಿಲ್ಲು ಇಡಿಯೋದು ತಪ್ಪು," ಎಂದು ಮಾತ್ರ ಹೇಳಿದ. ಮರುದಿನ ಮೈಸೂರಿನ ಗಾಡಿ ಹಿಡಿಯುತ್ತೇನೆಂದವನು ಹಿಡಿಯಲಿಲ್ಲ. ಬಿಲ್ಲು ಹಿಡಿಯುವುದನ್ನು ತೋರಿಸಿಕೊಡಲು ಒಂದು ದಿನ ನಿಂತ. ದೊಡ್ಡಬೀರಯ್ಯನ ಜೊತೆ ಮಾತು ಬಿಟ್ಟಿದ್ದರೂ ಜಗಳವಾಡಲಾದರೂ ಮಾತಾಡಬೇಕಾಯಿತು. ಜಗಳ ಮುಗಿಯುವಷ್ಟರಲ್ಲಿ ವಾರ ಕಳೆಯಿತು. ಲಕ್ಷ್ಮಣನ ಪಾತ್ರಕ್ಕೆ ಬೆಂಗಳೂರಿನಲ್ಲಿ ಗೊತ್ತು ಮಾಡಿಕೊಂಡಿದ್ದವನಿಗೆ ಜ್ವರ ಬಂತು.

"ಅವ್ನು ಎದ್ದೇಳೋಗಂಟ ಮಾತ್ರ," ಎಂದು ಕರಾರು ಮಾಡಿ ಚಿಕ್ಕಮಾದಯ್ಯ ಬಣ್ಣ ಹಚ್ಚಿಕೊಂಡ.

ಆತ ಜ್ವರ ಬಿಟ್ಟೆದ್ದು ಬೇರೆ ಕೆಲಸ ಹುಡುಕಿಕೊಂಡ. ಚಿಕ್ಕಮಾದಯ್ಯ ಮಾತ್ರ ದಿನ ಸಂಜೆ ಸಿದ್ದರಾಮುವಿನ ಹಿಂದೆ ಬಿಲ್ಲು ಹಿಡಿದು ಕಾಡಿಗೆ ಹೋಗುತ್ತಿದ್ದ. ಬಣ್ಣ ಹಚ್ಚಿಕೊಳ್ಳುವಾಗ ಪಕ್ಕದವರಿಗೆಲ್ಲ ಮೈಸೂರಿನ ಹವೆ, ಮೈಸೂರಿನ ನೀರು, ಮೈಸೂರಿನ ಮರ್ಯಾದೆಗಳನ್ನು ವರ್ಣಿಸುತ್ತಿದ್ದ. ಆ ಊರು ಬಿಟ್ಟು ಇಲ್ಲೇಕೆ ಇದ್ದೀಯೆಂದು ಮೀನಾಕ್ಷಮ್ಮ ಒಮ್ಮೆ ಕೇಳಿದ್ದಕ್ಕೆ, ತಾನಿನ್ನೂ ಎರಡನ್ನೂ ತೂಗಿ ನೋಡುತ್ತಿದ್ದೇನೆ ಎಂದ.